ಹಡಗಿನಲ್ಲಿ ಫ್ಯೂಯಲ್ ಸೆಲ್ ಇದ್ದರೂ ಎಂಜಿನ್ ಯಾಕೆ?

ಡೊಂಬಿವ್ಲಿ ಹುಡುಗ:
ಮುಂಬೈನ ಗೇಟ್‌ವೇಯಿಂದ ಮಾಂಡವಾಕ್ಕೆ ಲಾಂಚಿನಲ್ಲಿ ಹೋದಾಗೆಲ್ಲ ಡೀಸೆಲ್ ಹೊಗೆಗೆ ಅಮ್ಮನಿಗೆ ಕೆಮ್ಮು ಶುರುವಾಗುತ್ತದೆ. ಹೈಡ್ರೋಜನ್‌ನಂಥ ಇಂಧನವನ್ನು ಉರಿಸದೆಯೇ ವಿದ್ಯುತ್ ಮಾಡುವ ಫ್ಯೂಯಲ್ ಸೆಲ್ ಬಂದರೆ ಎಂಜಿನ್ ಪೂರ್ತಿ ತೆಗೆಯಬಹುದಲ್ವಾ? ಎರಡೂ ಯಾಕೆ ಇಡುತ್ತಾರೆ?

ಮಜಗಾಂವ್ ಮೆಕ್ಯಾನಿಕ್:
ಸಾಲಿಡ್ ಆಕ್ಸೈಡ್ ಸೆಲ್ (ಸೆರಾಮಿಕ್ ಬಳಸುವ ಒಂದು ಬಗೆಯ ಫ್ಯೂಯಲ್ ಸೆಲ್) 600 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೋ ಅದಕ್ಕೂ ಜಾಸ್ತಿ ಬಿಸಿಯಲ್ಲೋ ಕೆಲಸ ಮಾಡುತ್ತದೆ, ತಣ್ಣಗಿದ್ದರೆ ಬಿಸಿಯೇರಲು ಗಂಟೆಗಟ್ಟಲೆ ಬೇಕು, ಲೋಡ್, ಅಂದರೆ ವಿದ್ಯುತ್ ಬೇಡಿಕೆ, ದಿಢೀರ್ ಏರಿಳಿದರೆ ಅದಕ್ಕೆ ಕಷ್ಟ. ಹಾಗಾಗಿ ಸೆಲ್ ಒಂದೇ ಸಮನೆ ಓಡುತ್ತದೆ, ಏರಿಳಿತ ಎಂಜಿನ್ ಪಾಲು. ಸೆಲ್‌ನಲ್ಲಿ ಬಳಕೆಯಾಗದೆ ಉಳಿದ ಹೈಡ್ರೋಜನ್ನನ್ನೂ ಎಂಜಿನ್ನಿಗೆ ಕೊಟ್ಟು ಉರಿಸಬಹುದು. ನನಗೆ ತುಂಬಾ ಇಷ್ಟವಾದ ಭಾಗ ಇದೇ.

ವಾಸ್ಕೋ ಅಕ್ಕ:
ವೈಕಿಂಗ್ ಲೇಡಿ ಎಂಬ ನಾರ್ವೆಯ ಹಡಗಿನಲ್ಲಿ 2009ರಲ್ಲೇ 320 ಕಿಲೋವ್ಯಾಟ್ ಸೆಲ್ ಕೂರಿಸಿದ್ದರು, ಎಂಜಿನ್ ಜೊತೆಗೇ. ನಿಮ್ಮ ಲಾಂಚಿನಂಥ ಸಣ್ಣ ದೂರಕ್ಕೆ ಬೇಗ ಶುರುವಾಗುವ ಪಿಇಎಂ ಸೆಲ್ (ತೆಳು ಪೊರೆ ಬಳಸುವ, ಕಡಿಮೆ ಬಿಸಿಯಲ್ಲೇ ಓಡುವ ಫ್ಯೂಯಲ್ ಸೆಲ್), ಜೊತೆಗೊಂದು ಬ್ಯಾಟರಿ ಸಾಕು. ಎಂಜಿನ್ ಬೇಡ. ಅಲ್ಲಿಯವರೆಗೆ ಅಮ್ಮನನ್ನು ಮುಂದುಗಡೆ ಕೂರಿಸಿ.