ಮಂಜೂರಾತಿ ನಕ್ಷೆ ಕೈಗೆ ಬಂದರೆ ಮನೆ ಕಟ್ಟಲು ಸಾಕೇ?

ಪ್ರಶ್ನೆ (ಅಂಜನಾಪುರದ ನಿವೇಶನದಾರ):
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಅಂಜನಾಪುರದಲ್ಲಿ ನಮ್ಮದೊಂದು 30×40 ಅಡಿ ನಿವೇಶನವಿದೆ, ಪೂರ್ವಕ್ಕೆ ರಸ್ತೆ. ಯುಗಾದಿ ಕಳೆದ ಮೇಲೆ ಗುದ್ದಲಿ ಪೂಜೆ ಮಾಡುವ ಯೋಚನೆ. ಕೆಳಗೆ ಕಾರು ನಿಲ್ಲಿಸಲು ಜಾಗ ಮತ್ತು ಬಾಡಿಗೆಗೊಂದು ಸಣ್ಣ ಮನೆ, ಮೇಲಿನ ಎರಡು ಅಂತಸ್ತು ನಮಗೆ. ನಾವಿಬ್ಬರು, ಇಬ್ಬರು ಮಕ್ಕಳು, ಎಪ್ಪತ್ತು ದಾಟಿದ ನನ್ನ ತಾಯಿ ಇದ್ದೇವೆ. ಮೂರು ಕಡೆ ವಿಚಾರಿಸಿದೆ. ಗುತ್ತಿಗೆದಾರರು ‘ಕೆಲಸ ನಮಗೇ ಕೊಟ್ಟರೆ ನಕ್ಷೆ ಉಚಿತ’ ಎನ್ನುತ್ತಾರೆ. ನಕ್ಷೆ ಬರೆಯುವ ಒಬ್ಬರು ಮಂಜೂರಾತಿಯನ್ನೂ ಸೇರಿಸಿ ಒಂದು ಸಣ್ಣ ಮೊತ್ತ ಹೇಳಿದ್ದಾರೆ. ಆರ್ಕಿಟೆಕ್ಟ್ ಒಬ್ಬರು ಅದರ ಐದು ಪಟ್ಟು ಕೇಳುತ್ತಾರೆ. ಮೂವರೂ ಕೊಡುವುದು ನಕ್ಷೆಯನ್ನೇ ತಾನೇ? ಇಷ್ಟು ವ್ಯತ್ಯಾಸ ಏಕೆ? ಈ ವೃತ್ತಿಯಲ್ಲಿರುವ ಮೇಡಂ ಅವರು ದಯವಿಟ್ಟು ತಿಳಿಸಬೇಕು.

ಉತ್ತರ (ಆರ್ಕಿಟೆಕ್ಟ್):
ನಮಸ್ಕಾರ ಸರ್. ಮೂವರೂ ಕೊಡುವುದು ನಕ್ಷೆಯೇ, ಆದರೆ ಒಂದೇ ನಕ್ಷೆಯಲ್ಲ. ಗೊಂದಲ ಇರುವುದೇ ಅಲ್ಲಿ.

ಪಾಲಿಕೆಗೆ ಸಲ್ಲಿಸುವ ಮಂಜೂರಾತಿ ನಕ್ಷೆಯಲ್ಲಿ ನಿವೇಶನದ ಅಳತೆ, ಸುತ್ತ ಬಿಟ್ಟ ಜಾಗ, ಪ್ರತಿ ಅಂತಸ್ತಿನ ಕೋಣೆಗಳು, ಕಟ್ಟಡದ ಎತ್ತರ, ವಾಹನ ನಿಲುಗಡೆ, ಮಳೆನೀರು ಸಂಗ್ರಹ ಇರುತ್ತವೆ. ಕಾನೂನು ಪಾಲನೆಯಾಗಿದೆಯೇ ಎಂದು ಅಧಿಕಾರಿಗಳು ನೋಡಲು ಅಷ್ಟು ಬೇಕು. ನಿಮ್ಮ ಮೇಸ್ತ್ರಿಗೆ ಅದು ಸಾಲದು. ಪಾಯದ ಗುಂಡಿ ಎಷ್ಟು ಆಳ, ಕಾಲಂಗೆ ಎಷ್ಟು ಕಬ್ಬಿಣ, ಶೌಚಾಲಯದ ಕೊಳವೆ ಯಾವ ಗೋಡೆಯಲ್ಲಿ ಇಳಿಯಬೇಕು, ಫ್ಯಾನ್ ಎಲ್ಲಿ ಬರಬೇಕು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಉತ್ತರ ಇಲ್ಲದ ಕಡೆ ಮೇಸ್ತ್ರಿ ತನಗೆ ಅಭ್ಯಾಸವಿರುವ ಹಾಗೆ ಮಾಡಿಬಿಡುತ್ತಾರೆ. ತಪ್ಪು ಅವರದಲ್ಲ, ಅವರ ಕೈಗೆ ನಾವು ಏನನ್ನೂ ಕೊಟ್ಟಿರುವುದಿಲ್ಲ.

ಕಟ್ಟಲು ಬೇಕಾದ ನಕ್ಷೆಗಳು ಬೇರೆ. ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ ಹಾಕಿದ ಪಾಯ, ಕಾಲಂ, ಬೀಮು, ಸ್ಲ್ಯಾಬಿನ ವಿವರಗಳು. ವಿದ್ಯುತ್, ನೀರು, ಒಳಚರಂಡಿಯ ನಕ್ಷೆಗಳು. ಮೆಟ್ಟಿಲು, ಕಿಟಕಿ, ಬಾಗಿಲು, ಅಡುಗೆಕಟ್ಟೆಯ ಅಳತೆಗಳು. ಇವೆಲ್ಲ ಸೇರಿ ಮೂವತ್ತು, ನಲವತ್ತು ಹಾಳೆ ಆಗುವುದುಂಟು. ವಿದ್ಯುತ್ ಪೈಪುಗಳು ಸ್ಲ್ಯಾಬಿನೊಳಗೇ ಹೋಗುವುದರಿಂದ ಕಾಂಕ್ರೀಟ್ ಸುರಿಯುವ ಮೊದಲೇ ಆ ನಕ್ಷೆ ಸಿದ್ಧವಿರಬೇಕು. ನಿಮಗೆ ಸಣ್ಣ ಮೊತ್ತ ಹೇಳಿದವರನ್ನು ‘ಎಷ್ಟು ಹಾಳೆ ಕೊಡುತ್ತೀರಿ, ಯಾವ ಯಾವ ಹಾಳೆ’ ಎಂದು ಕೇಳಿ. ಐದು ಪಟ್ಟು ಕೇಳಿದವರನ್ನೂ ಅದನ್ನೇ ಕೇಳಿ. ಎರಡೂ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟ ಮೇಲೆಯೇ ಬೆಲೆ ಹೋಲಿಸಿ.

ಒಂದು ಮಾದರಿ ಲೆಕ್ಕ ತೋರಿಸುತ್ತೇನೆ. ನಕ್ಷೆಯಲ್ಲಿ ಮೆಟ್ಟಿಲಿಗೆ ಎಂಟು ಅಡಿ ಉದ್ದದ ಜಾಗ ಬಿಟ್ಟಿದ್ದಾರೆ ಎಂದುಕೊಳ್ಳಿ. ಅದರಲ್ಲಿ ನಡುವೆ ತಿರುಗುವ ಕಟ್ಟೆಗೆ ಮೂರು ಅಡಿ ಹೋಯಿತು. ಉಳಿದ ಐದು ಅಡಿ ಎಂದರೆ 60 ಇಂಚು. ಕಾಲಿಡಲು ಹತ್ತು ಇಂಚಿನ ಆರು ಹಾಸು ಬರುತ್ತವೆ, ಕೊನೆಗೆ ಕಟ್ಟೆಗೆ ಹತ್ತುವ ಹೆಜ್ಜೆಯೂ ಸೇರಿ ಒಂದು ಸಾಲಿಗೆ ಏಳು ಏರು, ಎರಡು ಸಾಲಿಗೆ ಹದಿನಾಲ್ಕು. ಅಂತಸ್ತಿನ ಎತ್ತರ ಹತ್ತು ಅಡಿ, 120 ಇಂಚು. ಹದಿನಾಲ್ಕರಿಂದ ಭಾಗಿಸಿದರೆ ಒಂದೊಂದು ಮೆಟ್ಟಿಲೂ ಎಂಟೂವರೆ ಇಂಚಿಗಿಂತ ಹೆಚ್ಚು ಎತ್ತರ. ಎಪ್ಪತ್ತು ದಾಟಿದವರು ಇದನ್ನು ದಿನಕ್ಕೆ ನಾಲ್ಕು ಬಾರಿ ಹತ್ತಿ ಇಳಿಯಲು ಆಗುತ್ತದೆಯೇ? ಅದೇ ಜಾಗಕ್ಕೆ ಇನ್ನು 20 ಇಂಚು ಉದ್ದ ಕೊಟ್ಟರೆ ಹದಿನೆಂಟು ಮೆಟ್ಟಿಲು ಬಂದು ಏರು ಆರೂಮುಕ್ಕಾಲು ಇಂಚಿನೊಳಗೆ ಇಳಿಯುತ್ತದೆ. ಮಂಜೂರಾತಿ ನಕ್ಷೆಯಲ್ಲಿ ಎರಡೂ ಒಂದೇ ತರಹದ ಗೆರೆಗಳಾಗಿ ಕಾಣುತ್ತವೆ. ಈ 20 ಇಂಚನ್ನು ಮೊದಲೇ ಕಂಡು ಬೇರೆ ಕೋಣೆಯಿಂದ ತಂದು ಕೊಡುವುದೇ ವಿನ್ಯಾಸಕಾರರ ಕೆಲಸ.

ಇನ್ನೊಂದು ವಿಷಯ ಕೇಳಲೇಬೇಕು. ನಿಮ್ಮ ತಾಯಿಯವರು ಮಲಗುವುದು ಯಾವ ಅಂತಸ್ತಿನಲ್ಲಿ? ನೀವು ಹೇಳಿದ ಪ್ರಕಾರ ಕೆಳಗೆ ಬಾಡಿಗೆದಾರರು, ಮೇಲೆ ಅಮ್ಮ. ಈ ಪ್ರಶ್ನೆಯನ್ನು ಆ ಮೂವರಲ್ಲಿ ಯಾರು ಕೇಳಿದರು ಎಂದು ನೆನಪಿಸಿಕೊಳ್ಳಿ. ಯಾರೂ ಕೇಳಿರದಿದ್ದರೆ ಇನ್ನೂ ಒಬ್ಬರನ್ನು ಹುಡುಕಿ.

ಪ್ರಶ್ನೆ (ಅಂಜನಾಪುರ):
ಮೇಡಂ, ನಿಜ ಹೇಳಬೇಕೆಂದರೆ ಯಾರೂ ಕೇಳಲಿಲ್ಲ. ‘ಎಷ್ಟು ಬೆಡ್‌ರೂಮು, ಎಷ್ಟು ಚದರ’ ಎಂದಷ್ಟೇ ಕೇಳಿದರು. ನನಗೂ ಹೊಳೆಯಲಿಲ್ಲ. ಇನ್ನೊಂದು ಸಂದೇಹ. ‘ಆರ್ಕಿಟೆಕ್ಟ್’ ಎಂದು ಫಲಕ ಹಾಕಿಕೊಂಡವರೆಲ್ಲ ಆರ್ಕಿಟೆಕ್ಟರೇ? ಮನೆ ವಿನ್ಯಾಸಕಾರರ ಬಳಿ ಹೋಗುವುದು ತಪ್ಪೇ?

ಉತ್ತರ (ಆರ್ಕಿಟೆಕ್ಟ್):
ತಪ್ಪಲ್ಲ. 1972ರ ಆರ್ಕಿಟೆಕ್ಟ್ಸ್ ಕಾಯ್ದೆಯ ಪ್ರಕಾರ ವಾಸ್ತುಶಿಲ್ಪ ಮಂಡಳಿಯಲ್ಲಿ (ಕೌನ್ಸಿಲ್ ಆಫ್ ಆರ್ಕಿಟೆಕ್ಚರ್) ನೋಂದಾಯಿಸಿಕೊಂಡವರು ಮಾತ್ರ ತಮ್ಮನ್ನು ‘ಆರ್ಕಿಟೆಕ್ಟ್’ ಎಂದು ಕರೆದುಕೊಳ್ಳಬಹುದು. ಆದರೆ ಆ ಕಾಯ್ದೆ ಕಾಪಾಡುವುದು ಹೆಸರನ್ನು, ವಿನ್ಯಾಸದ ಕೆಲಸವನ್ನು ಬೇರೆಯವರು ಮಾಡಬಾರದೆಂದು ಅದು ಹೇಳುವುದಿಲ್ಲ. 2020ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹಾಗೆಯೇ ತೀರ್ಪು ನೀಡಿದೆ. ನೋಂದಣಿ ಸಂಖ್ಯೆ ‘ಸಿಎ’ ಅಕ್ಷರಗಳಿಂದ ಆರಂಭವಾಗುತ್ತದೆ, ಮಂಡಳಿಯ ಜಾಲತಾಣದಲ್ಲಿ ಹೆಸರು ಹುಡುಕಿ ನೋಡಬಹುದು.

ಇಪ್ಪತ್ತು ವರ್ಷ ಮನೆಗಳನ್ನೇ ಮಾಡಿದ ಡಿಪ್ಲೊಮಾ ಓದಿದವರು ಬಹಳ ಅಚ್ಚುಕಟ್ಟಾಗಿ ಕೆಲಸ ಮಾಡುವುದನ್ನು ನಾನು ಕಂಡಿದ್ದೇನೆ, ಗೌರವದಿಂದಲೇ ಹೇಳುತ್ತೇನೆ. ಆದರೆ ಮಂಜೂರಾತಿಗೆ ಸಹಿ ಮಾಡುವವರು ಯಾರು, ಕಟ್ಟಡದ ಬಲಕ್ಕೆ ಹೊಣೆ ಹೊರುವ ಸ್ಟ್ರಕ್ಚರಲ್ ಎಂಜಿನಿಯರ್ ಯಾರು ಎಂದು ಮೊದಲೇ ಹೆಸರು ಸಹಿತ ಬರೆಸಿಕೊಳ್ಳಿ. ಸಹಿ ಮಾತ್ರ ಮಾರಾಟಕ್ಕಿರುವ ಕಡೆ, ಸಹಿ ಮಾಡಿದವರು ನಿಮ್ಮ ನಿವೇಶನವನ್ನು ಕಣ್ಣಾರೆ ನೋಡಿಯೂ ಇರುವುದಿಲ್ಲ. ಅದು ನನಗೆ ಸಹಿಸಲಾಗದ ವಿಷಯ.

ಅವರು ಮಾಡಿದ ಎರಡು ಮನೆಗಳನ್ನು ನೋಡಿ ಬನ್ನಿ, ಒಂದರಲ್ಲಾದರೂ ಜನ ವಾಸವಾಗಿ ಎರಡು ಮಳೆಗಾಲ ಕಳೆದಿರಲಿ. ಮೊಬೈಲಿನಲ್ಲಿ ತೋರಿಸುವ ತ್ರೀಡಿ ಚಿತ್ರಕ್ಕೆ ಮರುಳಾಗಬೇಡಿ. ಮನೆಯೊಡತಿಯ ಜೊತೆ ಅಡುಗೆಮನೆಯಲ್ಲಿ ನಿಂತು ಹತ್ತು ನಿಮಿಷ ಮಾತನಾಡಿದರೆ ಸಾಕು, ಎಲ್ಲವೂ ಗೊತ್ತಾಗುತ್ತದೆ.

ಪ್ರತಿಕ್ರಿಯೆ (ವಿಶ್ವೇಶ್ವರಯ್ಯ ಬಡಾವಣೆಯ ಸದಸ್ಯೆ):
ನನ್ನ ಅನುಭವ ಹೇಳುತ್ತೇನೆ. ನಮ್ಮ ನಕ್ಷೆಯಲ್ಲಿ ಮಕ್ಕಳ ಕೋಣೆ 10×10 ಎಂದು ಬರೆದಿತ್ತು. ಬರೆದುಕೊಟ್ಟವರು ಗೋಡೆಯ ಮಧ್ಯದಿಂದ ಮಧ್ಯಕ್ಕೆ ಅಳತೆ ಹಾಕಿದ್ದರು. ಆರಿಂಚಿನ ಗೋಡೆ, ಎರಡು ಬದಿ ಗಾರೆ ಕಳೆದು ಕೊನೆಗೆ ಸಿಕ್ಕಿದ್ದು ಒಂಬತ್ತು ಅಡಿ ಐದು ಇಂಚು. ಆರೂವರೆ ಅಡಿ ಮಂಚ, ಎರಡು ಅಡಿ ವಾರ್ಡ್‌ರೋಬ್ ಹಾಕಿದ ಮೇಲೆ ಉಳಿದದ್ದು ಹನ್ನೊಂದು ಇಂಚು. ಬಾಗಿಲು ಪೂರ್ತಿ ತೆರೆಯುವುದಿಲ್ಲ. ಮಗಳು ಇವತ್ತಿಗೂ ಮಂಚದ ಮೇಲೆ ಮಂಡಿಯೂರಿ ಬಟ್ಟೆ ತೆಗೆಯುತ್ತಾಳೆ. ‘ಒಳಗಿನ ಅಳತೆ ಎಷ್ಟು’ ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು.

ಉತ್ತರ (ಆರ್ಕಿಟೆಕ್ಟ್):
ಓದಿ ಬೇಸರವಾಯಿತು ಮೇಡಂ. ಎಲ್ಲರೂ ಇದನ್ನು ಗಮನಿಸಿ. ನಕ್ಷೆಯಲ್ಲಿ ಮಂಚ, ಬೀರು, ಫ್ರಿಜ್, ಊಟದ ಮೇಜು, ವಾಷಿಂಗ್ ಮಷಿನ್ ಎಲ್ಲವನ್ನೂ ಅವುಗಳ ನಿಜವಾದ ಅಳತೆಯಲ್ಲಿ ಬರೆದು ತೋರಿಸಲು ಹೇಳಿ. ನಂತರ ಈಗಿನ ಮನೆಯ ತಾರಸಿಯ ಮೇಲೆ ರಂಗೋಲಿ ಪುಡಿಯಲ್ಲಿ ಆ ಕೋಣೆಗಳನ್ನು ಅಡಿಗೆ ಅಡಿ ಎಳೆಯಿರಿ. ಗೆರೆಯೊಳಗೆ ಮನೆಯವರೆಲ್ಲ ಓಡಾಡಿ ನೋಡಲಿ.

ಪ್ರಶ್ನೆ (ಕೆಂಗೇರಿಯಿಂದ):
ನಮ್ಮ ಮಾವನವರು ವಾಸ್ತು ಬಿಟ್ಟು ಒಂದು ಇಂಚೂ ಕದಲುವುದಿಲ್ಲ. ಆರ್ಕಿಟೆಕ್ಟ್ ಬಳಿ ಹೋದರೆ ಜಗಳವಾಗುತ್ತದೆಯೇ ಎಂಬ ಭಯ.

ಉತ್ತರ (ಆರ್ಕಿಟೆಕ್ಟ್):
ಭಯ ಬೇಡ. ಮೊದಲ ಭೇಟಿಯಲ್ಲೇ ಮಾವನವರನ್ನು ಕರೆದುಕೊಂಡು ಹೋಗಿ, ಅವರಿಗೆ ಬಿಟ್ಟುಕೊಡಲಾಗದ ಅಂಶಗಳು ಯಾವುವೆಂದು ಅವರ ಬಾಯಿಂದಲೇ ಹೇಳಿಸಿ. ಎಲ್ಲ ಬರೆದು ಮುಗಿದ ಮೇಲೆ ವಾಸ್ತು ಪಂಡಿತರಿಗೆ ತೋರಿಸಿ ಬಾಗಿಲು ತಿರುಗಿಸುವುದೇ ಜಗಳದ ಮೂಲ.

ಪೂರ್ವದ ರಸ್ತೆಯ ನಿವೇಶನಕ್ಕೆ ಈಶಾನ್ಯದಲ್ಲಿ ಸಂಪು ಎಂದರೆ ಅದು ರಸ್ತೆಯ ನೀರಿನ ಕೊಳವೆಗೂ ಹತ್ತಿರ. ಆಗ್ನೇಯದ ಅಡುಗೆಮನೆಗೆ ಬೆಳಗಿನ ಬೆಳಕು ಸಿಗುತ್ತದೆ. ಕಷ್ಟ ಕೊಡುವುದು ನೈಋತ್ಯದ ಮಲಗುವ ಕೋಣೆ, ಮಧ್ಯಾಹ್ನದ ಪಶ್ಚಿಮದ ಬಿಸಿಲು ಅದರ ಗೋಡೆಗೇ ಬೀಳುತ್ತದೆ. ಆ ಗೋಡೆಗೆ ಉದ್ದಕ್ಕೂ ವಾರ್ಡ್‌ರೋಬ್ ಕೊಟ್ಟರೆ ಶಾಖ ತಡೆಯುತ್ತದೆ, ವಾಸ್ತುವಿಗೂ ಅಡ್ಡಿಯಿಲ್ಲ. ಬಹಳ ಜನ ಉತ್ತರದ ಕಿಟಕಿಗೆ ಸಜ್ಜಾ ಬೇಡ ಎನ್ನುತ್ತಾರೆ. ನಮ್ಮ ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನೆತ್ತಿಗಿಂತ ಉತ್ತರಕ್ಕೆ ಇರುತ್ತಾನೆ, ಮಳೆಯೂ ಎರಚುತ್ತದೆ. ಉತ್ತರಕ್ಕೂ ಸಜ್ಜಾ ಬೇಕು.

ಪ್ರಶ್ನೆ (ಅಂಜನಾಪುರ):
ಮೇಡಂ, ಒಪ್ಪಂದದಲ್ಲಿ ಏನೇನು ಬರೆಸಬೇಕು? ಹಣ ಹೇಗೆ ಕೊಡಬೇಕು? ಮೊದಲು ಯಾವ ದಾಖಲೆ ಬೇಕು?

ಉತ್ತರ (ಆರ್ಕಿಟೆಕ್ಟ್):
ದಾಖಲೆಯಿಂದ ಆರಂಭಿಸೋಣ. ಕ್ರಯಪತ್ರ, ಇ-ಖಾತಾ, ತೆರಿಗೆ ರಸೀದಿ ಸರಿಯಿವೆಯೇ ನೋಡಿಕೊಳ್ಳಿ. ಖಾತೆಯ ತೊಡಕು ಬಗೆಹರಿಯದೆ ವಿನ್ಯಾಸಕ್ಕೆ ಪೂರ್ತಿ ಹಣ ಸುರಿಯಬೇಡಿ. ಖಾತೆಯಲ್ಲಿರುವ ಅಳತೆಗೂ ನೆಲದ ಮೇಲಿನ ಅಳತೆಗೂ ಅರ್ಧ ಅಡಿ, ಒಂದು ಅಡಿ ವ್ಯತ್ಯಾಸ ಬರುವುದುಂಟು, ಟೇಪು ಹಿಡಿದು ನಾಲ್ಕು ಬದಿಯನ್ನೂ ಎರಡು ಕರ್ಣಗಳನ್ನೂ ಅಳೆಯಿಸಿ. ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ನಿಮ್ಮ ಸರ್ವೆ ನಂಬರ್ ನೋಡಿ, ಹತ್ತಿರದಲ್ಲಿ ರಾಜಕಾಲುವೆ ಅಥವಾ ಕೆರೆ ಇದೆಯೇ ಪರಿಶೀಲಿಸಿ. ತಗ್ಗಿನಲ್ಲಿ ಮಣ್ಣು ತುಂಬಿದ ನಿವೇಶನವಾಗಿದ್ದರೆ ಮಣ್ಣು ಪರೀಕ್ಷೆ ಬಿಡಲೇಬೇಡಿ. ‘ಪಕ್ಕದ ಮನೆಗೆ ಐದು ಅಡಿ ಪಾಯ ಹಾಕಿದ್ದಾರೆ, ನಮಗೂ ಅಷ್ಟೇ ಸಾಕು’ ಎಂಬುದು ಲೆಕ್ಕವಲ್ಲ.

ಮಂಜೂರಾತಿಗೆ ‘ನಂಬಿಕೆ ನಕ್ಷೆ’ ಯೋಜನೆಯಡಿ ನೋಂದಾಯಿತ ಆರ್ಕಿಟೆಕ್ಟ್ ಅಥವಾ ಎಂಜಿನಿಯರ್ ಮೂಲಕ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಈ ಯೋಜನೆ ನಿಂತಿರುವುದೇ ಸಹಿ ಹಾಕಿದವರ ಮಾತಿನ ಮೇಲೆ, ಹಾಗಾಗಿ ತಪ್ಪು ಮಾಹಿತಿ ಕೊಟ್ಟು ಪಡೆದ ಮಂಜೂರಾತಿ ನಿಮ್ಮ ಕುತ್ತಿಗೆಗೇ ಬರುತ್ತದೆ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ನಕ್ಷೆ ಮೀರಿ ಕಟ್ಟಿದವರು ವಿದ್ಯುತ್ ಮತ್ತು ನೀರಿನ ಸಂಪರ್ಕಕ್ಕೆ ಪಟ್ಟ ಪಾಡನ್ನು ನೀವೆಲ್ಲ ನೋಡಿದ್ದೀರಿ. ‘ಮಂಜೂರಾತಿಗೆ ಒಂದು ನಕ್ಷೆ, ಕಟ್ಟಲು ಇನ್ನೊಂದು’ ಎಂದು ಯಾರಾದರೂ ಸಲಹೆ ಕೊಟ್ಟರೆ ಎದ್ದು ಬನ್ನಿ. ನಾನು ಹೇಳಿದ ಕಟ್ಟುವ ನಕ್ಷೆಗಳು ಮಂಜೂರಾತಿಯ ಗೆರೆಯೊಳಗೇ ಇರಬೇಕು, ಅದಕ್ಕೆ ವಿವರ ತುಂಬುವಂತಿರಬೇಕು.

30×40 ಮತ್ತು ಅದಕ್ಕಿಂತ ದೊಡ್ಡ ನಿವೇಶನದ ಹೊಸ ಮನೆಗೆ ಮಳೆನೀರು ಸಂಗ್ರಹ ಕಡ್ಡಾಯ. ನಕ್ಷೆಯಲ್ಲಿ ಒಂದು ವೃತ್ತ ಬರೆದು ಕೈತೊಳೆದುಕೊಳ್ಳದಂತೆ ನೋಡಿಕೊಳ್ಳಿ. 900 ಚದರ ಅಡಿ ತಾರಸಿಯ ಮೇಲೆ ಹತ್ತು ಮಿಲಿಮೀಟರ್ ಮಳೆ ಬಿದ್ದರೆ ಎಂಟು ನೂರು ಲೀಟರಿಗೂ ಹೆಚ್ಚು ನೀರು. 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದವರಿಗೆ ಅದರ ಬೆಲೆ ಗೊತ್ತು. ತಾರಸಿಯ ಇಳಿಜಾರು, ಇಳಿಕೊಳವೆ, ಶೋಧಕ ಎಲ್ಲಿ ಬರುತ್ತವೆಂದು ಹಾಳೆಯಲ್ಲಿ ಕಾಣಬೇಕು.

ಒಪ್ಪಂದದಲ್ಲಿ ಹಾಳೆಗಳ ಪಟ್ಟಿ, ಎಷ್ಟು ಬಾರಿ ತಿದ್ದಿ ಕೊಡುತ್ತಾರೆ, ಜಿಎಸ್‌ಟಿ ಸೇರಿದೆಯೇ, ಪಾಲಿಕೆಯ ಶುಲ್ಕ ಯಾರದು ಎಂಬುದು ಇರಲಿ. ಹಣವನ್ನು ಹಂತ ಹಂತವಾಗಿ ಕೊಡಿ: ಸ್ವಲ್ಪ ಮುಂಗಡ, ಕೋಣೆಗಳ ವಿನ್ಯಾಸ ನೀವು ಒಪ್ಪಿದಾಗ ಒಂದಷ್ಟು, ಮಂಜೂರಾತಿಗೆ, ಕಟ್ಟುವ ನಕ್ಷೆಗಳಿಗೆ. ಕೊನೆಯ ಪಾಲನ್ನು ಮಾತ್ರ ಸೈಟ್ ಭೇಟಿಗಳಿಗೆ ಉಳಿಸಿಕೊಳ್ಳಿ. ಪಾಯದ ಗುರುತು ಹಾಕುವ ದಿನ, ಪಾಯದ ಕಬ್ಬಿಣ ಕಟ್ಟಿದಾಗ, ಪ್ಲಿಂತ್ (ನೆಲಗಟ್ಟಿನ) ಮಟ್ಟದಲ್ಲಿ, ಪ್ರತಿ ಸ್ಲ್ಯಾಬಿಗೂ ಕಾಂಕ್ರೀಟ್ ಸುರಿಯುವ ಮುನ್ನ ವಿನ್ಯಾಸಕಾರರು ಅಥವಾ ಸ್ಟ್ರಕ್ಚರಲ್ ಎಂಜಿನಿಯರ್ ಖುದ್ದಾಗಿ ಬರಬೇಕು. ಸ್ಲ್ಯಾಬಿನ ದಿನ ಬೆಳಿಗ್ಗೆ ಮಿಕ್ಸರ್ ತಿರುಗಲು ಆರಂಭಿಸಿದ ಮೇಲೆ ಬಂದರೆ ಪ್ರಯೋಜನವಿಲ್ಲ, ಹಿಂದಿನ ದಿನ ಸಂಜೆಯೇ ಬಂದು ಕಬ್ಬಿಣ ಎಣಿಸಬೇಕು.

ಗುತ್ತಿಗೆದಾರರ ‘ಉಚಿತ’ ನಕ್ಷೆಯ ಬಗ್ಗೆ ಕೇಳಿದ್ದಿರಿ. ಅವರು ಪ್ರಾಮಾಣಿಕರೇ ಇರಬಹುದು. ಆದರೆ ಕಬ್ಬಿಣ ಕಡಿಮೆಯಾಗಿದೆ ಎಂದು ಹೇಳಬೇಕಾದವರೂ ಕಬ್ಬಿಣಕ್ಕೆ ಹಣ ಹಾಕುವವರೂ ಒಬ್ಬರೇ ಆದರೆ ನಿಮ್ಮ ಪರವಾಗಿ ಸೈಟಿನಲ್ಲಿ ಯಾರೂ ಇರುವುದಿಲ್ಲ. ಕಟ್ಟುವ ಕೆಲಸ ಅವರಿಗೇ ಕೊಡಿ, ನಕ್ಷೆಯನ್ನು ಬೇರೆಯವರಿಂದ ಮಾಡಿಸಿ.

ಪ್ರತಿಕ್ರಿಯೆ (ಅಂಜನಾಪುರ, ಒಂದು ವಾರದ ನಂತರ):
ಮೇಡಂ, ಭಾನುವಾರ ತಾರಸಿಯ ಮೇಲೆ ರಂಗೋಲಿ ಪುಡಿಯಲ್ಲಿ ಕೆಳ ಅಂತಸ್ತು ಎಳೆದೆವು. ಬಾಡಿಗೆ ಮನೆಯ ಯೋಚನೆ ಬದಲಾಗಿದೆ, ಕೆಳಗೆ ಅಮ್ಮನಿಗೆ ಕೋಣೆ ಮತ್ತು ಶೌಚಾಲಯ, ಬಾಡಿಗೆಗೆ ಮೇಲಿನ ಅಂತಸ್ತು. ಅಮ್ಮ ಮಂಚದ ಗೆರೆಯಿಂದ ಎದ್ದು ಶೌಚಾಲಯದ ಗೆರೆಯವರೆಗೆ ಕಣ್ಣು ಮುಚ್ಚಿಕೊಂಡು ನಡೆದು ತೋರಿಸಿದರು. ‘ರಾತ್ರಿ ಕರೆಂಟ್ ಹೋದಾಗ ಹೀಗೇ ಹೋಗಬೇಕಲ್ಲವೇ’ ಎಂದರು. ಎರಡು ಕಡೆ ಗೋಡೆಯ ಗೆರೆ ತುಳಿದರು. ಬಾಗಿಲನ್ನು ಎರಡು ಅಡಿ ಎಡಕ್ಕೆ ಸರಿಸಿ ಮತ್ತೆ ನಡೆಸಿದೆವು, ಆಗ ನೇರವಾಗಿ ಹೋದರು.

ಉತ್ತರ (ಆರ್ಕಿಟೆಕ್ಟ್):
ಗೆರೆ ಅಳಿಸುವ ಮುನ್ನ ಫೋಟೊ ತೆಗೆದು, ಅಳತೆ ಬರೆದಿಟ್ಟುಕೊಳ್ಳಿ ಸರ್. ಯಾರ ಬಳಿ ಹೋದರೂ ಮೊದಲು ಅದನ್ನು ಮೇಜಿನ ಮೇಲಿಡಿ. ಶೌಚಾಲಯದ ಬಾಗಿಲು ಹೊರಕ್ಕೆ ತೆರೆಯಲಿ, ಅಮ್ಮ ಒಳಗೆ ಜಾರಿ ಬಿದ್ದರೂ ಹೊರಗಿನಿಂದ ತೆಗೆಯಲು ಸಾಧ್ಯವಾಗಬೇಕು. ಹಿಡಿಕೆಯ ಕಂಬಿ ಬರುವ ಗೋಡೆಯನ್ನು ಈಗಲೇ ಗಟ್ಟಿ ಬ್ಲಾಕಿನಲ್ಲಿ ಕಟ್ಟಲು ಬರೆಸಿ.