ಮಗಳಿಗೆ ಅಲರ್ಜಿ, ಊದುವ ಪರೀಕ್ಷೆಯಲ್ಲಿ 84% ಬಂದಿದೆ. ಮುಂದೆ ಶ್ವಾಸಕೋಶ ಕುಗ್ಗುತ್ತಾ?

ಬೆಳಗಿನ_ಸೀನು:

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಹತ್ತು ವರ್ಷ. ಕೂಸಾಗಿದ್ದಾಗ ಕೆನ್ನೆ ತುಂಬ ಇಸುಬು ಇತ್ತು. ಅದು ವಾಸಿಯಾಯಿತು ಅನ್ನುವಷ್ಟರಲ್ಲಿ ಸೀನು ಶುರುವಾಯಿತು. ಬೆಳಗ್ಗೆ ಹಾಸಿಗೆಯಿಂದ ಏಳುವ ಮೊದಲೇ ಸಾಲಾಗಿ ಸೀನುತ್ತಾಳೆ. ಉಜ್ಜಿ ಉಜ್ಜಿ ಮೂಗಿನ ಮೇಲೆ ಅಡ್ಡಗೆರೆ ಬಿದ್ದಿದೆ. ಈಗ ರಾತ್ರಿ ಕೆಮ್ಮು ಬೇರೆ. ಓಡಿ ಬಂದರೆ ಎದೆಯಲ್ಲಿ ಸುಂಯ್ ಅನ್ನುವ ಸದ್ದು.

ಚರ್ಮಕ್ಕೆ ಚುಚ್ಚಿ ನೋಡುವ ಅಲರ್ಜಿ ಪರೀಕ್ಷೆ ಮಾಡಿಸಿದೆವು. ಧೂಳಿನ ಹುಳಕ್ಕೆ ದೊಡ್ಡ ದದ್ದು ಬಂತು, ಹುಲ್ಲಿನ ಪರಾಗಕ್ಕೆ ಸಣ್ಣದು. ಸ್ಪೈರೋಮೆಟ್ರಿ ಅನ್ನುವ ಊದುವ ಪರೀಕ್ಷೆಯಲ್ಲಿ ಎಫ್‌ಇವಿ1 84% ಬಂದಿದೆ. ಎಫ್‌ಇವಿ1 ಮತ್ತು ಎಫ್‌ವಿಸಿ ಅನುಪಾತ 0.74. ಉಸಿರುನಾಳದ ಬಿಗಿತ ಬಿಡಿಸುವ ಸಾಲ್ಬುಟಮಾಲ್ ಕೊಟ್ಟು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಊದಿಸಿದಾಗ ಎಫ್‌ಇವಿ1 14% ಏರಿತು. ಡಾಕ್ಟರ್ ಅಸ್ತಮಾ ಅಂದರು, ದಿನಾ ತಗೊಳ್ಳೋಕೆ ಕಡಿಮೆ ಪ್ರಮಾಣದ ಸ್ಟೀರಾಯ್ಡ್ ಇನ್‌ಹೇಲರ್ ಬರೆದುಕೊಟ್ಟರು. ಹೊರಗೆ ತುಂಬ ಜನ ಕಾಯುತ್ತಿದ್ದರು. ಕೇಳಬೇಕು ಅಂದುಕೊಂಡಿದ್ದೆಲ್ಲ ಗಂಟಲಲ್ಲೇ ಉಳಿಯಿತು.

84 ಅಂದರೆ ಅವಳ ಶ್ವಾಸಕೋಶದಲ್ಲಿ 16 ಭಾಗ ಹೋಗಿದೆ ಅಂತಾನಾ? ಅಲರ್ಜಿ ಇರುವ ಮಕ್ಕಳ ಶ್ವಾಸಕೋಶ ದೊಡ್ಡವರಾದ ಮೇಲೂ ದುರ್ಬಲವಾಗೇ ಇರುತ್ತೆ ಅಂತ ಸಂಶೋಧನೆಗಳು ಹೇಳುತ್ತವಂತೆ, ನಿಜಾನಾ? ಸೀನು ಬರೀ ಮೂಗಿನ ತೊಂದರೆ ಅಂತ ಇಷ್ಟು ದಿನ ಇದ್ದೆ. ಈಗ ರಾತ್ರಿ ಅವಳ ಉಸಿರಿನ ಸದ್ದು ಕೇಳುತ್ತಾ ಮಲಗುತ್ತೇನೆ. ದಯವಿಟ್ಟು ಗೊತ್ತಿದ್ದವರು ಹೇಳಿ.

ಹಳೇ_ಉಬ್ಬಸ:

ಮೇಡಂ, ಧೈರ್ಯವಾಗಿರಿ. ನನಗೂ ಚಿಕ್ಕಂದಿನಲ್ಲಿ ಇದೇ ಇತ್ತು. ಹೈಸ್ಕೂಲಿಗೆ ಬರುವ ಹೊತ್ತಿಗೆ ಪೂರ್ತಿ ಹೋಯಿತು, ಓಟದ ಸ್ಪರ್ಧೆಗೂ ಸೇರಿದ್ದೆ. ಆದರೆ ಇಪ್ಪತ್ತು ದಾಟಿದ ಮೇಲೆ ಮತ್ತೆ ಬಂತು. ಈಗ ದಿನಾ ಇನ್‌ಹೇಲರ್ ತಗೊಳ್ತೀನಿ, ಕೆಲಸಕ್ಕೆ ಯಾವ ತೊಂದರೆಯೂ ಇಲ್ಲ. ಸದ್ದು ನಿಂತರೂ ವರ್ಷಕ್ಕೊಮ್ಮೆ ಊದಿಸಿ ನೋಡಿ ಅನ್ನುವುದಷ್ಟೇ ನನ್ನ ಮಾತು. ವಿವರವಾಗಿ ಹೇಳೋಕೆ ಇಲ್ಲಿ ಸ್ಪೈರೋಮೆಟ್ರಿ ಕೆಲಸ ಮಾಡುವ ಅಕ್ಕ ಒಬ್ಬರಿದ್ದಾರೆ, ಬರ್ತಾರೆ.

ಜೋರಾಗಿ_ಊದು:

ಬಂದೆ. ನಾನು ಡಾಕ್ಟರ್ ಅಲ್ಲ, ಸ್ಪೈರೋಮೆಟ್ರಿ ಟೆಕ್ನಿಶಿಯನ್. ದಿನವಿಡೀ ಮಕ್ಕಳಿಗೆ "ಊದು, ಊದು, ಇನ್ನೂ ಊದು" ಅಂತ ಕೂಗುವುದೇ ನನ್ನ ಕೆಲಸ. ಆ ಕಾಗದ ಹಿಡಿದುಕೊಂಡು ಮುಖ ಸಣ್ಣ ಮಾಡಿಕೊಂಡು ಹೋಗುವ ತಾಯಂದಿರನ್ನು ನೋಡಿ ನೋಡಿ, ಈ ವಿಷಯ ಓದೋಕೆ ಶುರು ಮಾಡಿದೆ. ಹಾಗಾಗಿ ಸ್ವಲ್ಪ ಉದ್ದವಾಗಿ ಬರೀತೀನಿ.

ಮೊದಲು 84. ಎಫ್‌ಇವಿ1 ಅಂದರೆ ಉಸಿರು ತುಂಬಿಕೊಂಡು ಜೋರಾಗಿ ಬಿಟ್ಟಾಗ ಮೊದಲ ಒಂದು ಸೆಕೆಂಡಿನಲ್ಲಿ ಹೊರಬರುವ ಗಾಳಿ. ಅದೇ ವಯಸ್ಸು, ಅದೇ ಎತ್ತರದ ಆರೋಗ್ಯವಂತ ಹುಡುಗಿಯರ ಸರಾಸರಿಯನ್ನು 100 ಅಂತ ಇಟ್ಟುಕೊಂಡು ನಿಮ್ಮ ಮಗಳದ್ದನ್ನು ಹೋಲಿಸಿದ್ದಾರೆ. ಯಾವ ತೊಂದರೆಯೂ ಇಲ್ಲದ ಮಕ್ಕಳಲ್ಲೂ ಕೆಲವರು 85 ಊದುತ್ತಾರೆ, ಕೆಲವರು 115 ಊದುತ್ತಾರೆ. 16 ಭಾಗ ಎಲ್ಲೂ ಹೋಗಿಲ್ಲ.

ನಾನಾಗಿದ್ದರೆ 84ಕ್ಕಿಂತ ಮೊದಲು 0.74 ಮತ್ತು 14% ಮೇಲೆ ಬೆರಳಿಡುತ್ತಿದ್ದೆ. ಒಂದೇ ಉಸಿರಿಗೆ ಜೋರಾಗಿ ಊದಿದಾಗ ಹೊರಬರುವ ಒಟ್ಟು ಗಾಳಿಯೇ ಎಫ್‌ವಿಸಿ. ಈ ವಯಸ್ಸಿನ ಮಕ್ಕಳು ಆ ಒಟ್ಟು ಗಾಳಿಯ ಬಹುಪಾಲನ್ನು ಮೊದಲ ಸೆಕೆಂಡಿನಲ್ಲೇ ಹೊರಹಾಕುತ್ತಾರೆ, ಅನುಪಾತ 0.85ರ ಆಸುಪಾಸು ಇರುತ್ತದೆ. 0.74 ಅಂದರೆ ಉಸಿರುನಾಳ ಈಗ ಬಿಗಿದುಕೊಂಡಿದೆ. ಔಷಧಿ ಕೊಟ್ಟ ಕೂಡಲೇ 14% ಏರಿದ್ದು ಅಂದರೆ ಆ ಬಿಗಿತ ಬಿಡುತ್ತದೆ. ಹೆದರಿದವರಿಗೆ ಇದನ್ನೇ ನಾನು ಎರಡು ಸಲ ಹೇಳುವುದು. ಅವಳ ನಾಳಕ್ಕೆ ಇನ್ನೂ ತೆರೆಯೋಕೆ ಬರುತ್ತದೆ.

ಇನ್ನು ಅಲರ್ಜಿ. ಈ ಪದವನ್ನು 1906ರಲ್ಲಿ ಕೊಟ್ಟವರು ಕ್ಲೆಮೆನ್ಸ್ ಫಾನ್ ಪಿರ್ಕೆ ಅನ್ನುವ ವಿಯೆನ್ನಾದ ಮಕ್ಕಳ ವೈದ್ಯರು. ಅಲರ್ಜಿಗೆ ಕಾರಣವಾದ ಐಜಿಇ ಅನ್ನುವ ಪ್ರತಿಕಾಯ ಸಿಕ್ಕಿದ್ದು 1960ರ ದಶಕದಲ್ಲಿ. ಇಶಿಜಾಕಾ ದಂಪತಿ ಅಮೆರಿಕದಲ್ಲಿ ಕಂಡುಹಿಡಿದರು, ಯೊಹಾನ್ಸನ್ ಮತ್ತು ಬೆನ್ನಿಚ್ ಸ್ವೀಡನ್ನಿನಲ್ಲಿ. ಧೂಳಿನ ಹುಳದ ಹಿಕ್ಕೆಯ ಕಣ ಉಸಿರಿನ ಜೊತೆ ಒಳಗೆ ಹೋದರೆ, ಐಜಿಇ ಹೊತ್ತು ಕೂತ ಮಾಸ್ಟ್ ಕೋಶಗಳು ಕೆರಳುತ್ತವೆ. ನಿಮಿಷಗಳಲ್ಲಿ ಅವುಗಳಿಂದ ಹಿಸ್ಟಮಿನ್ ಅನ್ನುವ ರಾಸಾಯನಿಕ ಹೊರಬರುತ್ತದೆ. ಮೂಗಿನಲ್ಲಾದರೆ ಸೀನು, ಎದೆಯಲ್ಲಾದರೆ ಬಿಗಿತ. ಕೆಲವು ಗಂಟೆ ಬಿಟ್ಟು ಇಯೋಸಿನೊಫಿಲ್ ಅನ್ನುವ ಬಿಳಿ ರಕ್ತಕಣಗಳು ಬಂದು ಸೇರಿ ಉರಿಯೂತ ಎಬ್ಬಿಸುತ್ತವೆ. ತೊಂದರೆ ಇರುವುದು ಈ ಎರಡನೇ ಸುತ್ತಿನಲ್ಲಿ. ಅದು ವರ್ಷಗಟ್ಟಲೆ ನಡೆದರೆ ನಾಳದ ಗೋಡೆ ದಪ್ಪವಾಗುತ್ತದೆ, ಸುತ್ತಲಿನ ಸ್ನಾಯು ಬೆಳೆಯುತ್ತದೆ, ಕಫ ಜಾಸ್ತಿಯಾಗುತ್ತದೆ. ಆಗ ಸಾಲ್ಬುಟಮಾಲ್ ಕೊಟ್ಟರೂ ಪೂರ್ತಿ ತೆರೆಯುವುದಿಲ್ಲ.

ಹಾಗಂತ ಅಲರ್ಜಿ ಇರುವ ಎಲ್ಲರಿಗೂ ಹೀಗಾಗುವುದಿಲ್ಲ. ಚರ್ಮದ ಪರೀಕ್ಷೆಯಲ್ಲಿ ದದ್ದು ಬಂದು, ಒಂದು ದಿನವೂ ಉಬ್ಬಸ ಕಾಣದ ಜನ ತುಂಬ ಇದ್ದಾರೆ. ಇಸುಬು, ಆಮೇಲೆ ಸೀನು, ಆಮೇಲೆ ಉಬ್ಬಸ ಅಂತ ಒಂದು ಮೆರವಣಿಗೆ ಇದೆ ಅಂತ ನೀವೂ ಕೇಳಿರುತ್ತೀರಿ. 2014ರಲ್ಲಿ ಬ್ರಿಟನ್ನಿನ ಎರಡು ಗುಂಪುಗಳ ಸುಮಾರು 9,800 ಮಕ್ಕಳನ್ನು ನೋಡಿದಾಗ, ಇಂಥ ತೊಂದರೆ ಇದ್ದ ಮಕ್ಕಳಲ್ಲಿ 7%ಗಿಂತ ಕಡಿಮೆ ಜನ ಮಾತ್ರ ಆ ಜಾಡಿನಲ್ಲಿ ನಡೆದಿದ್ದರು. ನಿಮ್ಮ ಮಗಳು ಆ ಸಣ್ಣ ಗುಂಪಿನ ಹಾಗೆ ಕಾಣುತ್ತಾಳೆ, ಅಷ್ಟೇ. ಇಸುಬು ಬಂದ ದಿನವೇ ಎಲ್ಲ ಬರೆದಿಟ್ಟಿತ್ತು ಅಂತ ಅಂದುಕೊಳ್ಳಬೇಡಿ.

ಶ್ವಾಸಕೋಶಕ್ಕೂ ಅಲರ್ಜಿಗೂ ಇರುವ ನಂಟಿನ ಬಗ್ಗೆ ನನಗೆ ತುಂಬ ಹಿಡಿಸಿದ ಎರಡು ಅಧ್ಯಯನಗಳಿವೆ. ಎರಡೂ ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿದವು. ಅದಕ್ಕೇ ಬೆಲೆ ಜಾಸ್ತಿ, ಯಾಕಂದರೆ ಯಾವುದು ಮೊದಲು, ಯಾವುದು ಆಮೇಲೆ ಅಂತ ಗೊತ್ತಾಗುತ್ತದೆ. ಒಂದು ಅಮೆರಿಕದ ಟೂಸಾನ್‌ನಲ್ಲಿ 1980ರಲ್ಲಿ ಶುರುವಾಯಿತು, 1,246 ಶಿಶುಗಳು. ಮೊದಲ ಮೂರು ವರ್ಷದಲ್ಲಿ ಸುಂಯ್‌ಗುಟ್ಟಿ ಆಮೇಲೆ ನಿಂತ ಮಕ್ಕಳ ಶ್ವಾಸನಾಳ ಹುಟ್ಟಿದಾಗಲೇ ಕಿರಿದಾಗಿತ್ತು, ಅವರಿಗೆ ಅಲರ್ಜಿ ಜಾಸ್ತಿ ಇರಲಿಲ್ಲ. ಆರನೇ ವಯಸ್ಸಿನವರೆಗೂ ಉಬ್ಬಸ ಮುಂದುವರಿದವರದು ಬೇರೆ ಕಥೆ. ಮೊದಲ ವರ್ಷದಲ್ಲಿ ಅವರ ಉಸಿರಾಟದ ಅಳತೆ ಸರಿಯಾಗಿತ್ತು, ಆರಕ್ಕೆ ಬರುವಾಗ ತಗ್ಗಿತ್ತು. ಅವರ ರಕ್ತದಲ್ಲಿ ಐಜಿಇ ಜಾಸ್ತಿ ಇತ್ತು. ಅಂದರೆ ಆ ಕೊರತೆ ಹುಟ್ಟಿನಿಂದ ಬಂದದ್ದಲ್ಲ, ನಡುವಿನ ವರ್ಷಗಳಲ್ಲಿ ಆದದ್ದು.

ಇನ್ನೊಂದು ಜರ್ಮನಿಯದು. 1990ರಲ್ಲಿ ಹುಟ್ಟಿದ 1,314 ಮಕ್ಕಳನ್ನು ಹದಿಮೂರು ವಯಸ್ಸಿನವರೆಗೆ ನೋಡಿದರು. ಅಲರ್ಜಿ ಇಲ್ಲದೆ ಸುಂಯ್‌ಗುಡುತ್ತಿದ್ದ ಮಕ್ಕಳಲ್ಲಿ 90% ಶಾಲೆಯ ವಯಸ್ಸಿಗೆ ಸರಿಹೋದರು, ಶ್ವಾಸಕೋಶವೂ ಸರಿಯಿತ್ತು. ಮೂರು ವರ್ಷದ ಒಳಗೇ ಧೂಳಿನ ಹುಳ, ಬೆಕ್ಕು, ನಾಯಿಯಂಥ ವರ್ಷಪೂರ್ತಿ ಕಾಡುವ ಅಲರ್ಜಿ ಬಂದ ಉಬ್ಬಸದ ಮಕ್ಕಳಲ್ಲಿ ಕೊರತೆ ಕಂಡಿತು. ಮನೆಯಲ್ಲಿ ಅದರ ಪ್ರಮಾಣ ಜಾಸ್ತಿ ಇದ್ದರೆ ಇನ್ನೂ ಕಂಡಿತು. ಪರಾಗದ ಅಲರ್ಜಿಗೆ ಆ ನಂಟು ಕಾಣಲಿಲ್ಲ. ಹಾಗಾಗಿ "ಅಲರ್ಜಿ ಇದೆ" ಅಂದರೆ ಸಾಲದು. ಯಾವುದಕ್ಕೆ, ಯಾವ ವಯಸ್ಸಿನಿಂದ ಅನ್ನುವುದು ಮುಖ್ಯ. ನಿಮ್ಮ ವಿಷಯದಲ್ಲಿ ಗಮನ ಕೊಡಬೇಕಾದ್ದು ಧೂಳಿನ ಹುಳಕ್ಕೆ.

ಹಳೇ_ಉಬ್ಬಸ ಅವರ ಅನುಭವಕ್ಕೂ ಸಾಕ್ಷಿ ಇದೆ. ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ 1972-73ರಲ್ಲಿ ಹುಟ್ಟಿದವರನ್ನು 26 ವಯಸ್ಸಿನವರೆಗೆ ನೋಡಿದಾಗ, ನಾಲ್ವರಲ್ಲಿ ಒಬ್ಬರಿಗಿಂತ ಜಾಸ್ತಿ ಜನರಲ್ಲಿ ಬಾಲ್ಯದ ಉಬ್ಬಸ ಮುಂದುವರಿದಿತ್ತು, ಇಲ್ಲವೇ ಬಿಟ್ಟು ಮತ್ತೆ ಬಂದಿತ್ತು. ಧೂಳಿನ ಹುಳದ ಅಲರ್ಜಿ ಇದ್ದವರಲ್ಲಿ ಮತ್ತು ಸಿಗರೇಟು ಸೇದಿದವರಲ್ಲಿ ಇದು ಜಾಸ್ತಿ.

ಬೆಳಗಿನ_ಸೀನು:

ಅಕ್ಕಾ, ತುಂಬ ಥ್ಯಾಂಕ್ಸ್. 0.74 ಮತ್ತು 14% ಅರ್ಥವಾದ ಮೇಲೆ ಆ ಕಾಗದವನ್ನು ಮತ್ತೆ ತೆಗೆದು ನೋಡಿದೆ, ಈ ಸಲ ಓದೋಕೆ ಬಂತು. ಇನ್ನೆರಡು ಪ್ರಶ್ನೆ. ಅಸ್ತಮಾ ಇರುವ ಮುಕ್ಕಾಲು ಪಾಲು ಮಕ್ಕಳ ಶ್ವಾಸಕೋಶ ಸರಿಯಾಗಿ ಬೆಳೆಯಲ್ಲ ಅಂತ ಎಲ್ಲೋ ಓದಿದೆ. ಸ್ಟೀರಾಯ್ಡ್ ತಗೊಂಡರೆ ಎತ್ತರ ನಿಲ್ಲುತ್ತೆ ಅಂತ ಪರಿಚಯದವರು ಹೇಳ್ತಾರೆ. ಎರಡೂ ಕಡೆ ಭಯ. ಏನು ಮಾಡಲಿ?

ಜೋರಾಗಿ_ಊದು:

ಎರಡಕ್ಕೂ ಉತ್ತರ ಒಂದೇ ಅಧ್ಯಯನದಲ್ಲಿದೆ. ಅದರ ಹೆಸರು ಕ್ಯಾಂಪ್. ಉತ್ತರ ಅಮೆರಿಕದಲ್ಲಿ ಸಾಧಾರಣ ಅಸ್ತಮಾ ಇದ್ದ 5ರಿಂದ 12 ವಯಸ್ಸಿನ 1,041 ಮಕ್ಕಳನ್ನು ಸೇರಿಸಿಕೊಂಡರು. ಕೆಲವರಿಗೆ ಬುಡೆಸೊನೈಡ್ ಅನ್ನುವ ಸ್ಟೀರಾಯ್ಡ್ ಇನ್‌ಹೇಲರ್, ಕೆಲವರಿಗೆ ಬೇರೆ ಔಷಧಿ, ಉಳಿದವರಿಗೆ ಔಷಧಿ ಇಲ್ಲದ ಇನ್‌ಹೇಲರ್ ಕೊಟ್ಟು ನಾಲ್ಕರಿಂದ ಆರು ವರ್ಷ ನೋಡಿದರು. ಆಮೇಲೂ ಬಿಡಲಿಲ್ಲ, ದೊಡ್ಡವರಾಗುವವರೆಗೆ ಊದಿಸಿದರು.

ನೀವು ಓದಿದ ಮುಕ್ಕಾಲು ಪಾಲು ಇಲ್ಲಿಯದೇ, 2016ರ ವರದಿ. 684 ಜನರಲ್ಲಿ 25% ಮಾತ್ರ ಮಾಮೂಲಿಯಾಗಿ ಬೆಳೆದಿದ್ದರು. ಉಳಿದವರಲ್ಲಿ ಕೆಲವರ ಬೆಳವಣಿಗೆ ಕಡಿಮೆ, ಕೆಲವರದು ಬೇಗ ಇಳಿಯೋಕೆ ಶುರು, ಕೆಲವರಿಗೆ ಎರಡೂ. ಶ್ವಾಸಕೋಶ ಇಪ್ಪತ್ತರ ಆಸುಪಾಸಿನವರೆಗೆ ಬೆಳೆದು, ಆಮೇಲೆ ಎಲ್ಲರಲ್ಲೂ ನಿಧಾನವಾಗಿ ಇಳಿಯುತ್ತದೆ. ಎಷ್ಟು ಎತ್ತರಕ್ಕೆ ಏರಿತ್ತು ಅನ್ನುವುದು ಮುಪ್ಪಿನಲ್ಲಿ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಈ ಸಂಖ್ಯೆಯನ್ನು ನಾನು ಹಗುರ ಮಾಡಲ್ಲ. ಆದರೆ ಅದೇ ವರದಿಯನ್ನು ಇನ್ನೂ ಸ್ವಲ್ಪ ಮುಂದೆ ಓದಬೇಕು. ಬೆಳವಣಿಗೆ ಕಡಿಮೆಯಾದವರಲ್ಲಿ ಹೆಚ್ಚು ಕಂಡದ್ದು ಯಾರು? ಶುರುವಿನಲ್ಲೇ ಎಫ್‌ಇವಿ1 ಕಡಿಮೆ ಇದ್ದವರು, ಸಾಲ್ಬುಟಮಾಲ್ ಥರದ ಔಷಧಿಗೆ ಕಮ್ಮಿ ತೆರೆದುಕೊಂಡವರು, ಗಂಡುಮಕ್ಕಳು. ನಿಮ್ಮ ಮಗಳದು 14%. ಇದು ಗುಂಪಿನ ಲೆಕ್ಕ, ಒಬ್ಬಳ ಭವಿಷ್ಯ ಇದರಿಂದ ಹೇಳೋಕೆ ಬರಲ್ಲ. ಆದರೂ ಮುಕ್ಕಾಲು ಪಾಲು ಅನ್ನುವುದನ್ನು ಹಾಗೇ ಎತ್ತಿ ಅವಳ ತಲೆಗೆ ಕಟ್ಟಬೇಡಿ.

ಎತ್ತರದ್ದು ನಿಜ, ಮುಚ್ಚಿಡೋದು ಬೇಡ. ಬುಡೆಸೊನೈಡ್ ತಗೊಂಡವರು ದೊಡ್ಡವರಾದಾಗ ಸರಾಸರಿ 171.1 ಸೆಂಟಿಮೀಟರ್ ಇದ್ದರು, ತಗೊಳ್ಳದವರು 172.3. ವ್ಯತ್ಯಾಸ 1.2 ಸೆಂಟಿಮೀಟರ್. ನಿಲ್ಲುತ್ತೆ ಅನ್ನುವ ಮಾತು ತಪ್ಪು.

ಆ ಬೆಲೆಗೆ ಸಿಕ್ಕಿದ್ದೇನು? ಇಲ್ಲೂ ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ಸ್ಟೀರಾಯ್ಡ್ ಇನ್‌ಹೇಲರ್ ಶ್ವಾಸಕೋಶವನ್ನು ಜಾಸ್ತಿ ಬೆಳೆಸಲಿಲ್ಲ. ಆದರೆ ಉಬ್ಬಸದ ದಿನಗಳು ಕಡಿಮೆಯಾದವು, ಆಸ್ಪತ್ರೆಗೆ ಓಡುವುದು ಕಡಿಮೆಯಾಯಿತು. ನನ್ನ ಲೆಕ್ಕದಲ್ಲಿ ಅದೇ ದೊಡ್ಡದು. ಸ್ಟಾರ್ಟ್ ಅನ್ನುವ ಇನ್ನೊಂದು ದೊಡ್ಡ ಅಧ್ಯಯನದಲ್ಲಿ, ಜೋರಾದ ಉಬ್ಬಸ ಬಂದುಹೋದವರ ಶ್ವಾಸಕೋಶ ಬೇಗ ಇಳಿದಿತ್ತು. ಬುಡೆಸೊನೈಡ್ ತಗೊಳ್ಳುತ್ತಿದ್ದವರಲ್ಲಿ ಆ ಇಳಿತ ಕಡಿಮೆ. ಒಂದೊಂದು ಜೋರು ಉಬ್ಬಸ ತಪ್ಪಿದರೂ ಲಾಭವೇ. ಡಾಕ್ಟರನ್ನು ಕೇಳದೆ ಇನ್‌ಹೇಲರ್ ನಿಲ್ಲಿಸಬೇಡಿ ಅಂತ ಕೈಮುಗಿದು ಕೇಳ್ತೀನಿ. ಆರು ತಿಂಗಳು ಚೆನ್ನಾಗಿದ್ದಾಳೆ ಅಂತ ಸುಮ್ನೆ ಬಿಟ್ಟು, ಆಮೇಲೆ ನೀಲಿ ತುಟಿಯಲ್ಲಿ ಬಂದ ಮಕ್ಕಳನ್ನು ನೋಡಿದ್ದೀನಿ.

ಮೂಗನ್ನೂ ಬಿಡಬೇಡಿ. ಅಸ್ತಮಾ ಇರುವವರಲ್ಲಿ ಬಹಳ ಜನಕ್ಕೆ ಅಲರ್ಜಿಯ ಸೀನೂ ಇರುತ್ತದೆ, ಮೂಗು ಹಿಡಿತಕ್ಕೆ ಬರದಿದ್ದರೆ ಎದೆಯೂ ಹಿಡಿತಕ್ಕೆ ಬರುವುದು ಕಷ್ಟ. ಮೂಗಿಗೆ ಬೇರೆ ಸ್ಪ್ರೇ ಬೇಕಾ ಅಂತ ಡಾಕ್ಟರನ್ನು ಕೇಳಿ. ದಿಂಬು, ಹಾಸಿಗೆಗೆ ಹುಳ ದಾಟದ ಕವಚ ಬರುತ್ತದೆ. ಹೊದಿಕೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆದರೆ ಹುಳ ಸಾಯುತ್ತದೆ. ಇದೊಂದರಿಂದಲೇ ಅಸ್ತಮಾ ಹೋಗಲ್ಲ, ಔಷಧಿಯ ಜೊತೆಗೆ ಮಾಡಿ. ಮನೆಯಲ್ಲಿ ಯಾರೂ ಸಿಗರೇಟು ಸೇದುವ ಹಾಗಿಲ್ಲ, ಬಾಲ್ಕನಿಯಲ್ಲೂ.

ಹಳೇ_ಉಬ್ಬಸ:

ಅಕ್ಕಾ, ಅಲರ್ಜಿಗೇ ಇಂಜೆಕ್ಷನ್ ಅಥವಾ ನಾಲಿಗೆ ಕೆಳಗಿನ ಮಾತ್ರೆ ಕೊಡ್ತಾರಲ್ವಾ? ಅದು ಈ ಮಗುವಿಗೆ ಆಗುತ್ತಾ?

ಜೋರಾಗಿ_ಊದು:

ಕೊಡ್ತಾರೆ. ಅಲರ್ಜಿಯ ವಸ್ತುವನ್ನೇ ಸ್ವಲ್ಪ ಸ್ವಲ್ಪ ಕೊಟ್ಟು ದೇಹವನ್ನು ಪಳಗಿಸುವ ಚಿಕಿತ್ಸೆ, ಸಾಮಾನ್ಯವಾಗಿ ಮೂರು ವರ್ಷ. ಸೀನಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಅಸ್ತಮಾ ಹಿಡಿತದಲ್ಲಿ ಇಲ್ಲದಾಗ ಶುರು ಮಾಡುವುದು ಅಪಾಯ. ಹಾಗಾಗಿ ಮೊದಲು ಉಬ್ಬಸ ಹಿಡಿತಕ್ಕೆ ಬರಲಿ, ಆಮೇಲೆ ಅಲರ್ಜಿ ತಜ್ಞರ ಹತ್ತಿರ ಮಾತಾಡಿ.

ಬೆಳಗಿನ_ಸೀನು ಅವರೇ, ಈಗ ನಿಮ್ಮ ಹತ್ತಿರ ಇರುವುದು ಒಂದೇ ಚುಕ್ಕೆ. ಒಂದು ಚುಕ್ಕೆಯಿಂದ ಗೆರೆ ಎಳೆಯೋಕೆ ಆಗಲ್ಲ. ಮುಂದಿನ ಸಲ ಆದಷ್ಟು ಅದೇ ಯಂತ್ರದಲ್ಲಿ, ದಿನದ ಅದೇ ಹೊತ್ತಿನಲ್ಲಿ ಊದಿಸಿ. ಎತ್ತರವನ್ನು ಅಲ್ಲೇ ಹೊಸದಾಗಿ ಅಳೆಯಲು ಹೇಳಿ. ಹಳೆಯ ಎತ್ತರ ಹಾಕಿಬಿಟ್ಟರೆ ಬೆಳೆದ ಮಗುವಿನ ಶೇಕಡಾ ಲೆಕ್ಕ ಸುಳ್ಳೇ ಚೆನ್ನಾಗಿ ಕಾಣುತ್ತದೆ. ಬರೀ ಶೇಕಡಾ ಅಲ್ಲದೆ ಲೀಟರ್ ಲೆಕ್ಕವೂ ಇರುವ ಪೂರ್ತಿ ವರದಿ ಕೇಳಿ ಇಟ್ಟುಕೊಳ್ಳಿ.

ಬೆಳಗಿನ_ಸೀನು:

ಎಲ್ಲ ಬರೆದುಕೊಂಡೆ ಅಕ್ಕಾ. ಮುಂದಿನ ತಿಂಗಳು ಮತ್ತೆ ಊದಿಸೋಕೆ ಹೇಳಿದ್ದಾರೆ. ಅವತ್ತು ಬೆಳಗ್ಗೆ ಇನ್‌ಹೇಲರ್ ಕೊಡಬೇಕಾ, ಬೇಡವಾ?

ಜೋರಾಗಿ_ಊದು:

ಬಿಗಿತ ಬಿಡಿಸುವ ಸಾಲ್ಬುಟಮಾಲನ್ನು ಸಾಮಾನ್ಯವಾಗಿ ನಾಲ್ಕರಿಂದ ಆರು ಗಂಟೆ ಮುಂಚೆ ನಿಲ್ಲಿಸಲು ಹೇಳುತ್ತಾರೆ. ದಿನದ ಸ್ಟೀರಾಯ್ಡ್ ಹೇಗೆ ಅಂತ ಹಿಂದಿನ ದಿನವೇ ಅಲ್ಲಿಗೆ ಫೋನ್ ಮಾಡಿ ಕೇಳಿ. ಅವಳಿಗೆ ಉಸಿರು ಕಟ್ಟಿದರೆ ಮಾತ್ರ ಏನೂ ಯೋಚಿಸದೆ ಸಾಲ್ಬುಟಮಾಲ್ ಕೊಟ್ಟುಬಿಡಿ, ಎಷ್ಟು ಹೊತ್ತಿಗೆ ಕೊಟ್ಟಿರಿ ಅಂತ ಟೆಕ್ನಿಶಿಯನ್‌ಗೆ ಹೇಳಿ. ಪರೀಕ್ಷೆಯನ್ನು ಇನ್ನೊಂದು ದಿನಕ್ಕೆ ಹಾಕಿಸಿಕೊಂಡರೆ ಆಯಿತು.