ಹಂಪ್ತಾ ಪಾಸ್: ಹೋದ ಸಲ 3,600 ಮೀಟರ್‌ನಲ್ಲಿ ತಲೆನೋವು, ವಾಂತಿ. ಈ ಸಲದ ಪ್ಲಾನ್ ಹೇಗೆ ಸರಿ ಮಾಡಲಿ?

ಸಂಡೂರ_ಗುಡ್ಡ:
ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿ ಜಿಲ್ಲೆ ಸಂಡೂರಿನವನು. ಹೋದ ವರ್ಷ ಜುಲೈನಲ್ಲಿ ಹಿಮಾಚಲದ ಹಂಪ್ತಾ ಪಾಸ್ ಅನ್ನೋ ಬೆಟ್ಟಸಾಲು ದಾಟುವ ದಾರಿಗೆ ಒಂದು ಗುಂಪಿನ ಜೊತೆ ಹೋಗಿದ್ದೆ. ಬಾಲು ಕಾ ಘೇರಾ ಕ್ಯಾಂಪ್ ಸುಮಾರು 3,600 ಮೀಟರ್ ಎತ್ತರದಲ್ಲಿದೆ. ಅಲ್ಲಿ ಮಧ್ಯಾಹ್ನದಿಂದ ತಲೆ ಸಿಡಿಯೋಕೆ ಶುರುವಾಯಿತು, ರಾತ್ರಿ ಎರಡು ಸಲ ವಾಂತಿ, ಬೆಳಗ್ಗೆ ಎದ್ದಾಗ ಶೂ ಲೇಸ್ ಕಟ್ಟೋಕೂ ಶಕ್ತಿ ಇರಲಿಲ್ಲ. ಗೈಡ್ ನನ್ನ ಮುಖ ನೋಡಿದವರೇ ಒಬ್ಬರನ್ನು ಜೊತೆ ಮಾಡಿ ಕೆಳಗೆ ಕಳಿಸಿದರು. ಮನಾಲಿ ಮುಟ್ಟೋ ಹೊತ್ತಿಗೆ ಪೂರ್ತಿ ಆರಾಮಾಗಿದ್ದೆ.

ನನಗೆ ಅರ್ಥವಾಗದ್ದು ಇದೇ. ನಾನು ವಾರಕ್ಕೆ ನಾಲ್ಕು ದಿನ ಓಡುತ್ತೇನೆ. ಭಾನುವಾರ ಬಂತು ಅಂದರೆ ಕುಮಾರಸ್ವಾಮಿ ಬೆಟ್ಟದ ಕಡೆ ಇಲ್ಲವೇ ರಾಮಗಡದ ಕಡೆ ನಡಿಗೆ ತಪ್ಪಿಸುವುದಿಲ್ಲ. ಆದರೂ ನನಗೇ ಆಗಲಿಲ್ಲ. ಗುಂಪಿನಲ್ಲಿ ಓಡೋ ಅಭ್ಯಾಸವೇ ಇಲ್ಲದವರು ಆರಾಮಾಗಿ ದಾಟಿದರು.

ಈ ಸಲ ಗುಂಪು ಬೇಡ ಅಂತ ನಾವು ಮೂವರು ಗೆಳೆಯರು ಸೇರಿ ಮನಾಲಿಯ ಗೈಡ್ ಒಬ್ಬರನ್ನು ಗೊತ್ತು ಮಾಡಿಕೊಂಡಿದ್ದೇವೆ. ಅಡುಗೆ ಸಾಮಾನು ಅವರ ಕುದುರೆ ಮೇಲೆ ಬರುತ್ತದೆ, ಉಳಿದದ್ದು ನಮ್ಮ ಬೆನ್ನ ಮೇಲೆ. ಮೊನ್ನೆ ಬ್ಯಾಗ್ ತುಂಬಿ ತೂಗಿದರೆ 16.5 ಕೆಜಿ ಬಂತು, ನನ್ನ ತೂಕ 68. ಹೊತ್ತುಕೊಂಡು ಗುಡ್ಡ ಇಳಿದರೆ ಬಲ ಮೊಣಕಾಲು ನೋಯುತ್ತದೆ, ಭುಜ ಮರಗಟ್ಟುತ್ತದೆ. ಇನ್ನೂ ಜಾಸ್ತಿ ಓಡಬೇಕಾ? ಯಾವ ತಿಂಗಳು ಹೋದರೆ ಒಳ್ಳೇದು? ತಿಳಿದವರು ದಯವಿಟ್ಟು ಹೇಳಿ.

ಗಂಗಾವತಿ_ಅಕ್ಕ:
ಓಟದ ವಿಷಯ ಆಮೇಲೆ ನೋಡೋಣ ತಮ್ಮಾ. ಮೊದಲು ಮೂರು ಮಾತು ಹೇಳಿ. ಊರು ಬಿಟ್ಟ ಮೇಲೆ ಯಾವ ರಾತ್ರಿ ಎಲ್ಲಿ ಮಲಗಿದಿರಿ? ದಿನಕ್ಕೆ ಎಷ್ಟು ನೀರು ಕುಡಿದಿರಿ? ತಲೆನೋವು ಶುರುವಾದ ಎಷ್ಟು ಹೊತ್ತಿಗೆ ಗೈಡ್‌ಗೆ ಹೇಳಿದಿರಿ?

ಸಂಡೂರ_ಗುಡ್ಡ:
ಅಕ್ಕಾ, ದಿಲ್ಲಿಯಿಂದ ರಾತ್ರಿ ಬಸ್ಸು, ಬೆಳಗ್ಗೆ ಮನಾಲಿ. ಅವತ್ತು ಮನಾಲಿಯಲ್ಲಿ ಮಲಗಿದೆವು. ಮರುದಿನ ಜೋಬ್ರಾವರೆಗೆ ಗಾಡಿ, ಅಲ್ಲಿಂದ ನಡೆದು ಚಿಕಾದಲ್ಲಿ ರಾತ್ರಿ. ಅದರ ಮರುದಿನವೇ ಬಾಲು ಕಾ ಘೇರಾ. ನೀರು ಒಂದೂವರೆ ಲೀಟರ್ ಇರಬಹುದು, ಚಳಿಗೆ ಬಾಯಾರಿಕೆಯೇ ಆಗಲಿಲ್ಲ. ತಲೆನೋವು ನಿಜ ಹೇಳಬೇಕು ಅಂದರೆ ಚಿಕಾದಲ್ಲೇ ಸ್ವಲ್ಪ ಇತ್ತು. ಎಲ್ಲಿ ವಾಪಸ್ ಕಳಿಸುತ್ತಾರೋ ಅಂತ ಯಾರಿಗೂ ಹೇಳದೆ ನೋವಿನ ಮಾತ್ರೆ ನುಂಗಿದೆ.

ಗಂಗಾವತಿ_ಅಕ್ಕ:
ಹಾಗಾದರೆ ನಿಮ್ಮ ಕಾಲಿನಲ್ಲಿ ಏನೂ ತಪ್ಪಿಲ್ಲ. ತಪ್ಪಿರುವುದು ರಾತ್ರಿಗಳ ಲೆಕ್ಕದಲ್ಲಿ.

ನಮ್ಮ ಕಡೆಯವರಿಗೆ ಇದು ಯಾಕೆ ಬೇಗ ಅರ್ಥವಾಗುವುದಿಲ್ಲ ಅಂದರೆ, ನಮಗೆ ಅಷ್ಟು ಎತ್ತರದ ಪರಿಚಯವೇ ಇಲ್ಲ. ಸಂಡೂರಿನ ಗುಡ್ಡಗಳು ಹೆಚ್ಚು ಅಂದರೆ ಸುಮಾರು 1,000 ಮೀಟರ್. ಕರ್ನಾಟಕದಲ್ಲೇ ಎಲ್ಲಕ್ಕಿಂತ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930. ಮನಾಲಿ ಊರೇ ಸುಮಾರು 2,050 ಮೀಟರ್‌ನಲ್ಲಿದೆ. ಅಂದರೆ ನೀವು ಬಸ್ ಇಳಿದು ಚಹಾ ಕುಡಿದ ಜಾಗವೇ ನಮ್ಮ ರಾಜ್ಯದ ತುದಿಗಿಂತ ಮೇಲೆ! ಎತ್ತರದ ಕಾಯಿಲೆ ಸಾಮಾನ್ಯವಾಗಿ ಕಾಡುವುದು 2,500 ಮೀಟರ್ ದಾಟಿದ ಮೇಲೆ. ಹಾಗಾಗಿ ಅದರ ಅಭ್ಯಾಸ ಊರಲ್ಲಿ ಮಾಡೋಕೆ ಆಗುವುದೇ ಇಲ್ಲ, ದಿನಾ ಹತ್ತು ಕಿಲೋಮೀಟರ್ ಓಡಿದರೂ ಅಷ್ಟೇ.

3,600 ಮೀಟರ್‌ನಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದಲ್ಲಿ ಇರುವುದರ ಮೂರರಲ್ಲಿ ಎರಡು ಪಾಲಿನಷ್ಟು ಮಾತ್ರ. ಪ್ರತಿ ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ ಕಡಿಮೆ. ದೇಹ ಅದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ದಿನಗಟ್ಟಲೆ ಸಮಯ ಕೇಳುತ್ತದೆ. ಗಟ್ಟಿಮುಟ್ಟಾದ ದೇಹ ಅಂತ ಬೇಗ ಹೊಂದಿಕೊಳ್ಳುವುದಿಲ್ಲ. ಫಿಟ್ ಇದ್ದವರು ಬೇಗ ಬೇಗ ಹತ್ತಿಬಿಡುತ್ತಾರೆ, ಅದರಿಂದ ಅವರಿಗೇ ತೊಂದರೆ ಆಗುವುದೂ ಉಂಟು.

ಪಾಲಿಸಬೇಕಾದ ಲೆಕ್ಕ ಹೀಗಿದೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು, 300 ಇದ್ದರೆ ಇನ್ನೂ ಒಳ್ಳೇದು. ಮೂರು ನಾಲ್ಕು ದಿನಕ್ಕೊಂದು ರಾತ್ರಿ ಅದೇ ಎತ್ತರದಲ್ಲಿ ಉಳಿಯಬೇಕು. ಹಗಲು ಮೇಲೆ ಹತ್ತಿ ಇಳಿದರೆ ತೊಂದರೆಯಿಲ್ಲ, ಮಲಗುವ ಎತ್ತರ ಮುಖ್ಯ. ನೀವು 2,050ರಲ್ಲಿ ಒಂದೇ ರಾತ್ರಿ ಕಳೆದು 3,100ರ ಚಿಕಾಕ್ಕೆ ಹಾರಿದಿರಿ, ಮರುದಿನವೇ 3,600. ಎರಡೇ ದಿನಕ್ಕೆ 1,550 ಮೀಟರ್! ಕೆಲವರಿಗೆ ಅದು ತಡೆಯುತ್ತದೆ, ನಿಮಗೆ ತಡೆಯಲಿಲ್ಲ. ಯಾರಿಗೆ ತಡೆಯುತ್ತದೆ ಅಂತ ಮೊದಲೇ ಹೇಳೋಕೆ ಆಗುವುದಿಲ್ಲ, ಆದರೆ ಒಮ್ಮೆ ಆದವರಿಗೆ ಅದೇ ಅವಸರದಲ್ಲಿ ಹೋದರೆ ಮತ್ತೆ ಆಗುವ ಸಾಧ್ಯತೆ ಜಾಸ್ತಿ.

ನಾನಾದರೆ ಹೀಗೆ ಹೋಗುತ್ತೇನೆ: ಮನಾಲಿಯಲ್ಲಿ ಎರಡು ರಾತ್ರಿ, ನಡುವಿನ ದಿನ ವಶಿಷ್ಠದ ಹತ್ತಿರದ ಜೋಗಿನಿ ಜಲಪಾತಕ್ಕೆ ಹತ್ತಿ ಇಳಿಯುವುದು. ಮೂರನೇ ರಾತ್ರಿ ಸೇಥನ್ ಹಳ್ಳಿ, ಅದು ಸುಮಾರು 2,700. ಆಮೇಲೆ ಚಿಕಾದಲ್ಲಿ ಎರಡು ರಾತ್ರಿ. ನಂತರ ಬಾಲು ಕಾ ಘೇರಾ. ಅದರ ಮರುದಿನ ಪಾಸ್ ದಾಟಿ ಶಿಯಾ ಗೋರು. ಪಾಸ್ ಸುಮಾರು 4,270, ಶಿಯಾ ಗೋರು ಸುಮಾರು 3,900. ಇದಲ್ಲದೆ ಒಂದು ದಿನ ಖಾಲಿ ಇಟ್ಟುಕೊಳ್ಳಿ. ರಜೆ ಸಿಗಲ್ಲ ಅಂತ ಆ ಖಾಲಿ ದಿನ ಕತ್ತರಿಸಬೇಡಿ, ಬೇಕಾದರೆ ಆಚೆಯ ಚಂದ್ರತಾಲ್ ಸರೋವರ ನೋಡೋದು ಬಿಡಿ.

ಒಂದು ಮಾತು ಗೈಡ್ ಜೊತೆ ಈಗಲೇ ಆಡಿಕೊಳ್ಳಿ. ನಿರ್ಧಾರ ಮಾಡುವ ಜಾಗ ಬಾಲು ಕಾ ಘೇರಾ. ಅಲ್ಲಿಂದ ಹಿಂದಕ್ಕೆ ಇಳಿಯುವುದು ಸುಲಭ. ಪಾಸ್ ದಾಟಿ ಇಳಿದ ಮೇಲೆ ಹುಷಾರು ತಪ್ಪಿದರೆ ಮತ್ತೆ ಪಾಸ್ ಹತ್ತಿ ವಾಪಸ್ ಬರೋಕೆ ಆಗಲ್ಲ, ಆಚೆ ಕಡೆ ರಸ್ತೆ ಸಿಗುವ ಛತ್ರುವರೆಗೆ ಮುಂದೆ ನಡೆಯಲೇಬೇಕು. ಜೋಬ್ರಾ ಬಿಟ್ಟ ಮೇಲೆ ಫೋನ್ ಸಿಗ್ನಲ್ ನಂಬಿಕೊಳ್ಳುವಂತಿಲ್ಲ. ಅದಕ್ಕೇ ಬಾಲು ಕಾ ಘೇರಾದ ಬೆಳಗ್ಗೆ ಮೂವರೂ ಒಬ್ಬರಿಗೊಬ್ಬರು ನಿಜ ಹೇಳಬೇಕು.

ಕೊಪ್ಪಳ_ಮೆಡಿಕಲ್:
ಅಕ್ಕ ಹೇಳಿದ್ದು ಸರಿ. ನಾನು ಔಷಧಿ ಅಂಗಡಿ ನಡೆಸುವವನು, ಮಾತ್ರೆ ಬಗ್ಗೆ ಮಾತ್ರ ಸೇರಿಸುತ್ತೇನೆ. ನೋವಿನ ಮಾತ್ರೆ ತಲೆನೋವನ್ನು ಇಳಿಸುತ್ತದೆ, ಅದರ ಕಾರಣವನ್ನು ತೆಗೆಯುವುದಿಲ್ಲ. ಎತ್ತರದಲ್ಲಿ ತಲೆನೋವು ಒಂದು ಎಚ್ಚರಿಕೆ. ಅದನ್ನು ಮುಚ್ಚಿಟ್ಟು ಇನ್ನೂ ಮೇಲೆ ಹತ್ತಿದ್ದು ನಿಜಕ್ಕೂ ಅಪಾಯವಾಗಿತ್ತು.

ಡೈಮಾಕ್ಸ್ ಅಂತ ಕೇಳಿರುತ್ತೀರಿ, ಅದರ ಔಷಧಿ ಹೆಸರು ಅಸೆಟಜೋಲಮೈಡ್. ಅದು ಉಸಿರಾಟ ಜಾಸ್ತಿ ಮಾಡಿ ದೇಹ ಬೇಗ ಹೊಂದಿಕೊಳ್ಳೋಕೆ ಸಹಾಯ ಮಾಡುತ್ತದೆ. ಮುನ್ನೆಚ್ಚರಿಕೆಗೆ ಸಾಮಾನ್ಯವಾಗಿ ಕೊಡುವುದು 125 ಮಿಲಿಗ್ರಾಂ ದಿನಕ್ಕೆ ಎರಡು ಸಲ, ಎತ್ತರಕ್ಕೆ ಹೋಗುವ ಹಿಂದಿನ ದಿನದಿಂದ. ಬೆರಳು ಜುಮ್ ಅನ್ನುತ್ತದೆ, ಮೂತ್ರ ಜಾಸ್ತಿ ಹೋಗುತ್ತದೆ. ಸಲ್ಫಾ ಔಷಧಿ ಆಗಿ ಬರದವರು ಮೊದಲೇ ಡಾಕ್ಟರಿಗೆ ಹೇಳಬೇಕು. ನಿಮಗೆ ಒಮ್ಮೆ ಆಗಿರುವುದರಿಂದ ಡಾಕ್ಟರನ್ನು ಕಂಡು, ಹೋದ ಸಲದ್ದೆಲ್ಲ ಹೇಳಿ, ಅವರು ಬರೆದುಕೊಟ್ಟರೆ ಮಾತ್ರ ತಗೊಳ್ಳಿ. ಮಾತ್ರೆ ಇದೆ ಅಂತ ಒಂದು ರಾತ್ರಿ ಉಳಿಸೋಕೆ ಹೋಗಬೇಡಿ.

ನೆನಪಿಡಬೇಕಾದ ಅಪಾಯದ ಗುರುತುಗಳು ಇವು. ಸುಮ್ನೆ ಕೂತಾಗಲೂ ಏದುಸಿರು, ಕೆಮ್ಮು, ಎದೆಯಲ್ಲಿ ಗೊರಗೊರ ಸದ್ದು ಇದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಅಂತ ತಿಳಿಯಿರಿ. ಮಾತು ತಡವರಿಸಿದರೆ, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸುತ್ತಾ ನೇರ ಗೆರೆ ಮೇಲೆ ನಡೆಯೋಕೆ ಆಗದಿದ್ದರೆ ಮಿದುಳಿಗೆ ಬಾವು ಬಂದಿರಬಹುದು. ಇವೆರಡರಲ್ಲಿ ಯಾವುದು ಕಂಡರೂ ರಾತ್ರಿಯಾದರೂ ಸರಿ ಕೆಳಗೆ ಇಳಿಸಬೇಕು, ಬೆಳಗಾಗಲಿ ಅಂತ ಕಾಯಬಾರದು.

ದೋಆಬ್_ರಾಯಚೂರು:
ಬ್ಯಾಗಿನಲ್ಲಿ ಏನೇನಿದೆ, ಒಂದೊಂದರ ತೂಕ ಹಾಕಿ ಬ್ರದರ್. ಅದು ನೋಡದೆ ಹೇಳೋಕೆ ಆಗಲ್ಲ.

ಸಂಡೂರ_ಗುಡ್ಡ:
ಖಾಲಿ ಬ್ಯಾಗ್ 2.2, ಟೆಂಟ್ 3.4, ಸ್ಲೀಪಿಂಗ್ ಬ್ಯಾಗ್ 1.9, ಸ್ಟವ್ ಮತ್ತು ಪಾತ್ರೆ 1.6, ಬಟ್ಟೆ 3.4, ನೀರು 3 ಲೀಟರ್, ದಾರಿ ತಿಂಡಿ 1. ಬಟ್ಟೆಯಲ್ಲಿ ಎರಡು ಜೀನ್ಸ್ ಪ್ಯಾಂಟ್ ಇವೆ.

ದೋಆಬ್_ರಾಯಚೂರು:
ಜೀನ್ಸ್ ಎರಡನ್ನೂ ಮನೆಯಲ್ಲೇ ಬಿಡಿ. ಹತ್ತಿ ಬಟ್ಟೆ ಒದ್ದೆಯಾದರೆ ಆ ಚಳಿಯಲ್ಲಿ ಒಣಗುವುದಿಲ್ಲ, ಮೈಯ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ. ನಮ್ಮ ಬಿಸಿಲಿಗೆ ಹತ್ತಿ ಸರಿ, ಅಲ್ಲಿಗೆ ಪಾಲಿಯೆಸ್ಟರ್ ಮತ್ತು ಉಣ್ಣೆ. ನಡೆಯೋಕೆ ಒಂದು ಜೊತೆ, ಟೆಂಟಿನಲ್ಲಿ ಮಲಗೋಕೆ ಒಣಗಿದ ಒಂದು ಜೊತೆ, ಮೇಲೆ ಒಂದು ದಪ್ಪ ಜಾಕೆಟ್, ಒಂದು ಮಳೆ ಜಾಕೆಟ್. ಎಲ್ಲ ಸೇರಿ 2 ಕೆಜಿ ಒಳಗೆ ಬರುತ್ತದೆ.

ಟೆಂಟ್ ಮೂವರದ್ದು, ಹೊರುವವರು ನೀವೊಬ್ಬರೇ ಯಾಕೆ? ಟೆಂಟಿನ ಬಟ್ಟೆ ಒಬ್ಬರು, ಕಡ್ಡಿ ಮೊಳೆ ಒಬ್ಬರು, ಹೊರ ಹೊದಿಕೆ ಒಬ್ಬರು. ನಿಮ್ಮ ಪಾಲಿಗೆ 1.2 ಬರಲಿ. ಅಡುಗೆ ಕುದುರೆ ಮೇಲೆ ಬರುವಾಗ ನಿಮ್ಮ ಸ್ಟವ್ ಬೇಡವೇ ಬೇಡ. ಗ್ಯಾಸ್ ಡಬ್ಬಿಯನ್ನು ರೈಲಿನಲ್ಲೂ ವಿಮಾನದಲ್ಲೂ ಒಯ್ಯುವಂತಿಲ್ಲ, ಅದೂ ಗೊತ್ತಿರಲಿ. ನೀರು ಒಂದೂವರೆ ಲೀಟರ್ ಹೊತ್ತರೆ ಸಾಕು, ಕಣಿವೆಯುದ್ದಕ್ಕೂ ತೊರೆಗಳಿವೆ, ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಆದರೆ ದಿನಕ್ಕೆ ಮೂರು ಲೀಟರ್ ಆದರೂ ಹೊಟ್ಟೆಗೆ ಹೋಗಲಿ. ಬಳ್ಳಾರಿ ಬಿಸಿಲಲ್ಲಿ ಗಂಟಲೇ ನೀರು ಕೇಳುತ್ತದೆ, ಅಲ್ಲಿ ಕೇಳುವುದಿಲ್ಲ, ಅಲ್ವಾ? ಮೂತ್ರದ ಬಣ್ಣ ನೋಡಿಕೊಂಡು ಕುಡಿಯಬೇಕು.

ಲೆಕ್ಕ ಹಾಕಿ: ಬಟ್ಟೆಯಲ್ಲಿ 1.4, ಟೆಂಟಿನಲ್ಲಿ 2.2, ಸ್ಟವ್ 1.6, ನೀರು 1.5. ಒಟ್ಟು 6.7 ಇಳಿಯಿತು, ಉಳಿದದ್ದು 9.8. ನಿಮ್ಮ ತೂಕಕ್ಕೆ 13 ಕೆಜಿ ದಾಟಬಾರದು, ಅದರೊಳಗೇ ಬಂತು. ಭುಜ ಮರಗಟ್ಟುವುದು ಸೊಂಟದ ಬೆಲ್ಟ್ ಸಡಿಲ ಇರುವುದರಿಂದ ಇರಬೇಕು. ಬೆಲ್ಟನ್ನು ಸೊಂಟದ ಮೂಳೆ ಮೇಲೆ ಕೂರಿಸಿ ಮೊದಲು ಅದನ್ನು ಬಿಗಿ ಮಾಡಿ, ಭುಜದ ಪಟ್ಟಿ ಆಮೇಲೆ. ಮೊಣಕಾಲಿಗೆ ಎರಡು ಕೋಲು ಹಿಡಿಯಿರಿ, ಇಳಿಯುವಾಗ ಹೆಜ್ಜೆ ಚಿಕ್ಕದಿರಲಿ. ಹತ್ತುವ ಅಭ್ಯಾಸ ಎಲ್ಲರೂ ಮಾಡುತ್ತಾರೆ, ಇಳಿಯುವ ಅಭ್ಯಾಸ ಯಾರೂ ಮಾಡಲ್ಲ. ಅಂಜನಾದ್ರಿಯ 575 ಮೆಟ್ಟಿಲನ್ನು ಬ್ಯಾಗ್ ಹೊತ್ತು ವಾರಕ್ಕೊಮ್ಮೆ ಹತ್ತಿ ಇಳಿಯಿರಿ, ಬಿಸಿಲೇರುವ ಮೊದಲೇ.

ತಿಂಗಳ ವಿಷಯ. ಜುಲೈ, ಆಗಸ್ಟ್‌ನಲ್ಲಿ ಕುಲು ಕಡೆ ಮಳೆ ಜೋರು, ಗುಡ್ಡ ಕುಸಿಯುತ್ತದೆ. 2023ರ ಜುಲೈನಲ್ಲಿ ಬಿಯಾಸ್ ನದಿ ಉಕ್ಕಿ ಮನಾಲಿ ರಸ್ತೆಯೇ ಕೊಚ್ಚಿಹೋಗಿತ್ತು. ಪಾಸ್ ದಾಟಿದರೆ ಲಾಹೌಲ್, ಅಲ್ಲಿ ಮಳೆ ತೀರಾ ಕಡಿಮೆ. ಮಲೆನಾಡಿಗೆ ಸುರಿದು ನಮ್ಮ ಬಯಲುಸೀಮೆಗೆ ಬರುವಷ್ಟರಲ್ಲಿ ಮೋಡ ಖಾಲಿ ಆಗುತ್ತದಲ್ಲ, ಹಾಗೇ. ಸೆಪ್ಟೆಂಬರ್ ಎರಡನೇ ಅರ್ಧಕ್ಕೆ ಹೋಗಿ. ರಾತ್ರಿ ಸೊನ್ನೆಗಿಂತ ಕೆಳಗೆ ಹೋಗುತ್ತದೆ, ಆದರೆ ಆಕಾಶ ತಿಳಿ, ತೊರೆಯಲ್ಲಿ ನೀರೂ ಇಳಿದಿರುತ್ತದೆ. ತೊರೆ ದಾಟುವುದಿದ್ದರೆ ಬೆಳಗ್ಗೆಯೇ ದಾಟಿ, ಹಿಮ ಕರಗಿ ಮಧ್ಯಾಹ್ನಕ್ಕೆ ನೀರು ಏರುತ್ತದೆ.

ರೈಲಿಗೆ ಕರ್ನಾಟಕ ಎಕ್ಸ್‌ಪ್ರೆಸ್ ಇದೆ, ನಿಮಗೆ ಗುಂತಕಲ್ ಹತ್ತಿರ, ನಮಗೆ ರಾಯಚೂರಿನಲ್ಲೇ ಸಿಗುತ್ತದೆ.

ಸಂಡೂರ_ಗುಡ್ಡ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಡಾಕ್ಟರನ್ನು ಕಂಡು ಬಂದೆ. ನಿನ್ನೆ 10 ಕೆಜಿ ಹೊತ್ತು ಅಂಜನಾದ್ರಿ ಎರಡು ಸಲ ಹತ್ತಿ ಇಳಿದೆ, ಮೊಣಕಾಲು ಸುಮ್ಮನಿದೆ. ಸೆಪ್ಟೆಂಬರ್ 15ರ ನಂತರಕ್ಕೆ ಟಿಕೆಟ್ ಮಾಡಿಸುತ್ತಿದ್ದೇನೆ. ದಾರಿ ತಿಂಡಿಗೆ ಏನು ಒಯ್ಯಲಿ? ಹೋದ ಸಲ ಬಿಸ್ಕತ್ತು ನೋಡಿದರೇ ವಾಕರಿಕೆ ಬರುತ್ತಿತ್ತು.

ಗಂಗಾವತಿ_ಅಕ್ಕ:
ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಶೇಂಗಾ ಉಂಡೆ. ರೊಟ್ಟಿ ಹಗುರ, ದಿನಗಟ್ಟಲೆ ಕೆಡುವುದಿಲ್ಲ, ಬಾಯಿ ಸಪ್ಪೆ ಆದಾಗ ಖಾರದ ಪುಡಿ ಇದ್ದರೆ ಎರಡು ತುತ್ತು ಜಾಸ್ತಿ ಇಳಿಯುತ್ತದೆ. ಅಗಲ ಡಬ್ಬಿಯಲ್ಲಿಡಿ, ಇಲ್ಲದಿದ್ದರೆ ಪುಡಿ ಆಗುತ್ತದೆ. ಜೊತೆಗೆ ಅವಲಕ್ಕಿ. 3,600 ಮೀಟರ್‌ನಲ್ಲಿ ನೀರು 88 ಡಿಗ್ರಿ ಆಸುಪಾಸಿಗೇ ಕುದಿಯುತ್ತದೆ, ಕುಕ್ಕರ್ ಇಲ್ಲದೆ ಬೇಳೆ ಬೇಯುವುದಿಲ್ಲ. ಅವಲಕ್ಕಿಗೆ ಆ ತಾಪತ್ರಯ ಇಲ್ಲ.

ಸಂಡೂರ_ಗುಡ್ಡ:
ಊರಿಗೆ ಬಂದು ಎರಡು ದಿನ ಆಯಿತು. ದಾಟಿದೆವು! ಮೂವರೂ!

ಚಿಕಾದ ಎರಡನೇ ರಾತ್ರಿ ನನಗೇನೂ ಆಗಲಿಲ್ಲ, ಗೆಳೆಯನಿಗೆ ತಲೆನೋವು ಬಂತು. ಈ ಸಲ ಅವನೇ ಬಾಯಿಬಿಟ್ಟು ಹೇಳಿದ. ಖಾಲಿ ಇಟ್ಟಿದ್ದ ದಿನವನ್ನು ಅಲ್ಲೇ ಖರ್ಚು ಮಾಡಿ ಮೂರನೇ ರಾತ್ರಿಯೂ ಉಳಿದೆವು, ಮರುದಿನ ಬೆಳಗ್ಗೆ ಅವನು ಎರಡು ರೊಟ್ಟಿ ತಿಂದ, ತಲೆನೋವು ಪೂರ್ತಿ ಹೋಗಿತ್ತು. ಬಾಲು ಕಾ ಘೇರಾದಲ್ಲಿ ಮೂವರೂ ನೇರ ಗೆರೆ ಮೇಲೆ ನಡೆದು ತೋರಿಸಿದ ಮೇಲೇ ಹೊರಟೆವು. ಪಾಸ್ ಮೇಲೆ ನಿಂತಾಗ ಹಿಂದೆ ಹಸಿರು ಕಣಿವೆ, ಮುಂದೆ ಲಾಹೌಲಿನ ಬೋಳು ಬೆಟ್ಟ. ಆ ಬಣ್ಣ ನೋಡಿ ನಮ್ಮ ಕಡೆ ಗುಡ್ಡಗಳೇ ನೆನಪಾದವು. ಚಂದ್ರತಾಲ್ ಬಿಟ್ಟು ಛತ್ರುವಿನಿಂದ ಅಟಲ್ ಸುರಂಗದ ಮೂಲಕ ಸಂಜೆಗೆ ಮನಾಲಿ.

ಕಷ್ಟ ಆಗಿದ್ದು ಶಿಯಾ ಗೋರುವಿನ ಚಳಿ. ಬಾಟಲಿ ನೀರು ಗಟ್ಟಿಯಾಗಿತ್ತು, ಫೋನ್ ಬ್ಯಾಟರಿ ರಾತ್ರಿಗೇ ಸತ್ತಿತು. ಫೋನು, ಪವರ್ ಬ್ಯಾಂಕು ಎರಡನ್ನೂ ಸ್ಲೀಪಿಂಗ್ ಬ್ಯಾಗ್ ಒಳಗೇ ಇಟ್ಟು ಮಲಗಿ. ನನ್ನ ಸ್ಲೀಪಿಂಗ್ ಬ್ಯಾಗ್ ಅಲ್ಲಿಗೆ ಸಾಲಲಿಲ್ಲ, ಗೈಡ್ ಒಂದು ಕಂಬಳಿ ಕೊಟ್ಟರು. ಹೋಗುವವರು ಮನಾಲಿಯಲ್ಲೇ ದಪ್ಪನೆಯದು ಬಾಡಿಗೆಗೆ ತಗೊಳ್ಳಿ.

ಟೆಂಟು, ಎರಡು ಕೋಲು, ಉಳಿದ ಕ್ಲೋರಿನ್ ಮಾತ್ರೆ ನನ್ನ ಹತ್ತಿರ ಇವೆ. ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯವರು ಯಾರಾದರೂ ಹೊರಟಿದ್ದರೆ ಇಲ್ಲೇ ಬರೆಯಿರಿ, ಬಂದು ಒಯ್ಯಬಹುದು. ಟೆಂಟಿನ ಒಂದು ಕಡ್ಡಿ ಸ್ವಲ್ಪ ಬಾಗಿದೆ, ಅಷ್ಟರಲ್ಲಿ ಸರಿ ಮಾಡಿಸಿ ಇಡುತ್ತೇನೆ.